ಒಂಟಿಮನೆಯವರ ಒಡನಾಟ: ಕೆಳದಿ ಸೀಮೆಯ ಹವ್ಯಾಸದ ನಂಟುಗಳು

ಇಂದಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹರಡಿರುವ ಕೆಳದಿ ಸೀಮೆಯ ಹಳ್ಳಿ ಬಯಲುನಾಡಿನ ಹಳ್ಳಿಯಂತೆ ಒಂದೇ ಕಡೆ ಒತ್ತಾಗಿ ಕಟ್ಟಿಕೊಂಡ ಊರಲ್ಲ. ಅಡಿಕೆ ತೋಟಕ್ಕೆ ನೀರು ನಿಲ್ಲದೆ ಹರಿದುಹೋಗುವ ಕಣಿವೆ ಬೇಕು, ಕಣಿವೆಯ ಕೆಳಗೆ ಗದ್ದೆ ಬೇಕು, ತೋಟಕ್ಕೆ ಹಸಿರೆಲೆ ಮತ್ತು ದರಕು ಒದಗಿಸುವ ಸೊಪ್ಪಿನಬೆಟ್ಟ ಮೇಲುಗಡೆಗೆ ಬೇಕು. ಒಂದು ಎಕರೆ ತೋಟವನ್ನು ಸಾಕಲು ಹಲವು ಎಕರೆ ಬೆಟ್ಟ ಬೇಕಾಗುವುದರಿಂದ ಪ್ರತಿ ಮನೆತನವೂ ತನ್ನ ತೋಟದ ತಲೆಯ ಮೇಲೆ ಮನೆ ಕಟ್ಟಿಕೊಂಡಿತು, ನೆರೆಮನೆ ಗುಡ್ಡದಾಚೆಗೆ ಸರಿಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳು ತುಂಬಿ, ಅಡ್ಡಲಾಗಿ ಮರ ಹಾಸಿ ಮಾಡಿದ ಕಾಲುಸಂಕಗಳು ತೇಲಿಹೋದರೆ ಒಂಟಿಮನೆ ನಿಜಕ್ಕೂ ಒಂಟಿಯಾಗುತ್ತಿತ್ತು. ಹೊಟ್ಟೆಪಾಡಿನ ಕೆಲಸಕ್ಕೆ ಆಳು-ಕಾಳು ಸಿಕ್ಕರೂ ಹಳೆಯ ಓಲೆಗರಿ ಓದುವ, ಪದ ಹೇಳುವ, ನಾಟಕ ಆಡುವ, ಅಪರೂಪದ ಗಿಡ ಬೆಳೆಸುವ ಗೀಳಿಗೆ ಜೊತೆ ಸಿಗುವುದು ದುರ್ಲಭ. ಮೊಬೈಲಿನ ಗುಂಪುಗಳು ಇಲ್ಲಿನವರಿಗೆ ಇಷ್ಟು ಬೇಗ ಒಗ್ಗಿದ್ದು ಈ ಹಿನ್ನೆಲೆಯಿಂದ. ಅವುಗಳ ಬೆಲೆಯನ್ನೂ ಮಿತಿಯನ್ನೂ ಅಳೆಯಲು ಅವಕ್ಕಿಂತ ಮೊದಲು ಈ ಜನ ಕಟ್ಟಿಕೊಂಡಿದ್ದ ಕೂಟಗಳನ್ನು ನೋಡಬೇಕು.

ಅಂಥ ಕೂಟದ ಒಂದು ಹಳೆಯ ಚಿತ್ರ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಬರವಣಿಗೆಯಲ್ಲಿದೆ. ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಈತ 1623ರಲ್ಲಿ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ, ಆಗ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ವೆಂಕಟಪ್ಪ ನಾಯಕನನ್ನು ಕಾಣಲು ಬಂದನು. ದಾರಿಯಲ್ಲಿ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಒಬ್ಬನು ರಾಗವಾಗಿ ಹೇಳಿದ್ದನ್ನು ಉಳಿದವರು ಹೇಳುತ್ತ ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ಗುರುವೇ ಇಲ್ಲದಿರುವಾಗ ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಸಾಧ್ಯವಿಲ್ಲವೆಂದೂ ಒಬ್ಬ ಮರೆತರೆ ಇನ್ನೊಬ್ಬ ತಿದ್ದುವನೆಂದೂ ಹುಡುಗರು ಉತ್ತರಿಸಿದರಂತೆ. ಇದನ್ನೆಲ್ಲ ಆತ ನೇಪಲ್ಸಿನಲ್ಲಿದ್ದ ಸ್ನೇಹಿತ, ವೈದ್ಯ ಮಾರಿಯೊ ಸ್ಕಿಪಾನೊನಿಗೆ ಪತ್ರಗಳ ರೂಪದಲ್ಲಿ ಬರೆದನು. ದೂರದಲ್ಲಿದ್ದ ಒಬ್ಬನೇ ಓದುಗನಿಗಾಗಿ ಬರೆದದ್ದು ಇಂದು ಕೆಳದಿಯ ಇತಿಹಾಸಕ್ಕೆ ಆಕರವಾಗಿದೆ.

ಅರಮನೆಯ ವಿದ್ಯಾವಂತರಿಗೆ ಕೂಟದ ಕೊರತೆಯಿರಲಿಲ್ಲ. ಬಿದನೂರಿನಿಂದ ಆಳಿದ ಬಸವಪ್ಪ ನಾಯಕನ ಹೆಸರಿನ ‘ಶಿವತತ್ತ್ವ ರತ್ನಾಕರ’ (1709) ಎಂಬ ಸಂಸ್ಕೃತ ವಿಶ್ವಕೋಶವು ರಾಜನೀತಿಯಿಂದ ಹಿಡಿದು ಪಾಕಶಾಸ್ತ್ರದವರೆಗೆ ಹಬ್ಬಿರುವುದನ್ನು ನೋಡಿದರೆ ಅದರ ಹಿಂದೆ ಬಹುಶ್ರುತರ ಒಂದು ಬಳಗವೇ ಇದ್ದಿರಬೇಕು. 1499ರಿಂದ ನಡೆದು ಬಂದ ಈ ಅರಸೊತ್ತಿಗೆ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವುದರೊಂದಿಗೆ ಮುಗಿದಾಗ ಅಂಥ ಬಳಗಕ್ಕೆ ಆಶ್ರಯ ತಪ್ಪಿತು, ಮತ್ತು ವಿದ್ಯೆಯೂ ಕಲೆಯೂ ಉಳಿದ ಮಟ್ಟಿಗೆ ಮಠ, ದೇವಸ್ಥಾನ ಹಾಗೂ ಮನೆಗಳ ಜಗಲಿಗಳಿಗೆ ಸೇರಿದವು.

ಜಗಲಿಯ ಕೂಟಗಳಲ್ಲಿ ತಾಳಮದ್ದಳೆಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ವೇಷ, ಕುಣಿತಗಳನ್ನು ಬಿಟ್ಟ ಯಕ್ಷಗಾನವೇ ತಾಳಮದ್ದಳೆ: ಭಾಗವತನು ಪ್ರಸಂಗದ ಪದ್ಯಗಳನ್ನು ಹಾಡುತ್ತಾನೆ, ಮದ್ದಳೆ ಜೊತೆಗೂಡುತ್ತದೆ, ಎದುರುಬದುರು ಕುಳಿತ ಅರ್ಥಧಾರಿಗಳು ಪದ್ಯದ ಅರ್ಥವನ್ನು ಪಾತ್ರದ ಬಾಯಿಂದ ಅಲ್ಲಿಯೇ ಹೊಸೆದು ಆಡುತ್ತಾರೆ. ಬರೆದಿಟ್ಟ ಮಾತಿಲ್ಲದ್ದರಿಂದ ‘ವಾಲಿವಧೆ’ಯ ವಾಲಿ ರಾಮನನ್ನು ಯಾವ ಪ್ರಶ್ನೆಯಿಂದ ಕಟ್ಟಿಹಾಕುತ್ತಾನೆ, ‘ಕೃಷ್ಣಸಂಧಾನ’ದ ಕೌರವ ಯಾವ ನೆಪ ತೆಗೆಯುತ್ತಾನೆ ಎಂಬುದು ಎದುರಾಳಿಗೂ ಮೊದಲೇ ತಿಳಿದಿರುವುದಿಲ್ಲ. ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲವೇ ಇದರ ಸುಗ್ಗಿ. ಗದ್ದೆ ನೆಟ್ಟಿಯಾಗಿ ಕೈ ಬಿಡುವಾದ ರಾತ್ರಿಗಳಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಸೂಡಿಯ ಬೆಳಕಿನಲ್ಲಿ ಹಳ್ಳ ದಾಟಿ ಬಂದವರು ಕವಳದ ಹರಿವಾಣದ ಸುತ್ತ ಕುಳಿತು ಬೆಳಗಿನವರೆಗೆ ವಾದಿಸುತ್ತಿದ್ದರು. ಸಂಭಾವನೆಯ ಆಸೆಯಿಲ್ಲದ, ಹಗಲು ತೋಟದಲ್ಲಿ ದುಡಿಯುವ ಈ ಹವ್ಯಾಸಿಗಳಿಗೆ ವರ್ಷವಿಡೀ ಮನೆಯಲ್ಲಿ ಕುಳಿತು ಗದುಗಿನ ಭಾರತವನ್ನೂ ತೊರವೆ ರಾಮಾಯಣವನ್ನೂ ಮಥಿಸಲು ಒಂದು ಕಾರಣ ಬೇಕಿತ್ತು; ಮುಂದಿನ ಕೂಟದಲ್ಲಿ ಎದುರು ಕೂರುವವನು ಯಾರೆಂಬುದೇ ಆ ಕಾರಣವಾಗಿತ್ತು. ಕಲಿಸುವ ಶಾಲೆ ಇಲ್ಲದೆಯೂ ತಾಳಮದ್ದಳೆ ಬೆಳೆದದ್ದು ಹೀಗೆ, ತಿದ್ದುವ ಕಿವಿಗಳ ನಡುವೆ.

ಆದರೆ ಈ ಜಗಲಿಯನ್ನು ಹೊಗಳಿ ಮುಗಿಸುವಂತಿಲ್ಲ. ಜಗಲಿಯ ಮೇಲೆ ಯಾರು ಕೂರಬಹುದು, ಅಂಗಳದಲ್ಲಿ ಯಾರು ನಿಲ್ಲಬೇಕು ಎಂಬುದನ್ನು ಜಾತಿ ಗೊತ್ತುಮಾಡಿತ್ತು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಡೆಸಿದ ಸತ್ಯಾಗ್ರಹದ ಹಿಂದೆ, ಒಡೆಯರ ಮನೆಯಂಗಳದಲ್ಲಿ ತಲೆಮಾರುಗಳಿಂದ ಅನುಭವಿಸಿದ ಅವಮಾನವೂ ಇತ್ತು. ಹೆಂಗಸರು ತಾಳಮದ್ದಳೆಯನ್ನು ಕೇಳಿದ್ದು ಬಹುಮಟ್ಟಿಗೆ ಒಳಗಿನ ಬಾಗಿಲ ಮರೆಯಿಂದ, ನಡುರಾತ್ರಿಯ ಕಾಫಿ-ಅವಲಕ್ಕಿಯ ಏರ್ಪಾಟಿನ ನಡುವೆ. ಅವರ ಹವ್ಯಾಸಗಳಿಗೆ ಕೂಟದ ಹೆಸರಿರಲಿಲ್ಲ. ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದರು, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಚಿತ್ರ ತುಂಬುತ್ತಿದ್ದರು. ಕೆಮ್ಮಣ್ಣು ಬಳಿದ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ: ಇಷ್ಟರಲ್ಲಿಯೇ ಎಳೆ ತಪ್ಪದ ಜ್ಯಾಮಿತಿ. ಒಬ್ಬಳ ಎಳೆಯನ್ನು ಇನ್ನೊಬ್ಬಳು ನೋಡಿ ಕಲಿಯಬೇಕಾದರೆ ಮದುವೆಯೊಂದು ಬರಬೇಕಿತ್ತು. ತೋಟದ ಮನೆಗಳ ಹೆಂಗಸರ ಹೂಗಿಡದ ಗೀಳಿನದೂ ಇದೇ ಪಾಡು. ಡೇರೆಯ ಗೆಡ್ಡೆಯೋ ದಾಸವಾಳದ ರೆಂಬೆಯೋ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೆಂಟಸ್ತಿಕೆಯ ದಾರಿ ಹಿಡಿಯಬೇಕಿತ್ತು, ತವರಿಗೆ ಹೋಗಿಬಂದವರ ಚೀಲದಲ್ಲಿ ಬಾಳೆಪಟ್ಟೆ ಸುತ್ತಿದ ತುಂಡೊಂದು ಇದ್ದೇ ಇರುತ್ತಿತ್ತು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹವ್ಯಾಸಿಗಳ ಕೂಟ ಜಗಲಿಯಿಂದ ಇಳಿದು ಸಂಘವಾಯಿತು. ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ಕೂಡಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವನ್ನು, ಅಂದರೆ ನೀನಾಸಮ್ ಅನ್ನು ಹುಟ್ಟುಹಾಕಿದರು. ಅಡಿಕೆ ಕೃಷಿಕ ಕುಟುಂಬದ ಕೆ.ವಿ. ಸುಬ್ಬಣ್ಣ (1932–2005) ಇದರ ಚೈತನ್ಯವಾಗಿ ನಿಂತರು. 1957ರಲ್ಲಿ ಅಕ್ಷರ ಪ್ರಕಾಶನ, 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಚಿತ್ರಸಮಾಜ ಎಂದರೆ ಪೇಟೆಯ ಟಾಕೀಸಿಗೆ ಎಂದೂ ಬಾರದ ಚಿತ್ರಗಳನ್ನು ತರಿಸಿ, ನೋಡಿ, ಚರ್ಚಿಸುವ ಸದಸ್ಯರ ಕೂಟ. ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ರೈತರೂ ಕೂಲಿಕಾರರೂ ಕುಳಿತು ನೋಡಿದ್ದು ಹೊರಗಿನವರಿಗೆ ಸೋಜಿಗವಾಗಿ ತೋರಿತು. ಇಡೀ ರಾತ್ರಿ ವಾಲಿಯ ವಾದ ಕೇಳಿ ಪಳಗಿದ ಕಿವಿಗಳಿಗೆ ‘ರಶೋಮನ್’ ಚಿತ್ರದ ಒಂದೇ ಘಟನೆಯ ಹಲವು ಸಾಕ್ಷ್ಯಗಳು ಅಷ್ಟೇನೂ ಕಷ್ಟವಾಗಿರಲಾರದು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಲೋಕಕ್ಕೆ ಪರಿಚಯವಾಯಿತು. ಲೋಕವು ಹೆಗ್ಗೋಡಿಗೆ ಅದಕ್ಕಿಂತ ಬಹಳ ಮೊದಲೇ ಪರಿಚಯವಾಗಿತ್ತು.

ಹೆಗ್ಗೋಡಿಗೆ ಹೋಗಿಬರಲಾಗದ ಮನೆಗಳಿಗೆ ಅಂಚೆ ಮತ್ತು ಬಾನುಲಿ ಆಸರೆಯಾದವು. 1965ರಲ್ಲಿ ಭದ್ರಾವತಿ ಆಕಾಶವಾಣಿ, 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಯಕ್ಷಗಾನ, ಕೃಷಿರಂಗ, ಕೋರಿಕೆಯ ಹಾಡುಗಳು ಅಡುಗೆಮನೆಯವರೆಗೂ ತಲುಪಿದವು. ಕಾರ್ಡಿನಲ್ಲಿ ಬರೆದು ಕಳಿಸಿದ ತಮ್ಮ ಹೆಸರು ಬಾನುಲಿಯಲ್ಲಿ ಬಂದಾಗ ಕೇಳುಗರಿಗೆ ಆಗುತ್ತಿದ್ದ ಹಿಗ್ಗು ಹಾಡಿನದಕ್ಕಿಂತ ಕಡಿಮೆಯದಾಗಿರಲಿಲ್ಲ.

ಇದೇ ಕಾಲದಲ್ಲಿ ಸೀಮೆಯ ಒಂದು ಭಾಗ ಹಿಂದೆಂದಿಗಿಂತ ಹೆಚ್ಚು ಒಂಟಿಯಾಯಿತು. ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ನುಂಗಿಕೊಂಡು 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿತು. 151 ಟಿಎಂಸಿ ನೀರು ನಿಲ್ಲಬಲ್ಲ ಈ ಹಿನ್ನೀರಿನಲ್ಲಿ ಊರುಗಳು ಮುಳುಗಿ, ಸಂತ್ರಸ್ತ ಕುಟುಂಬಗಳು ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಚದುರಿದವು. ಮುಳುಗಡೆ ಎಂಬ ಒಂದೇ ಮಾತಿನಲ್ಲಿ ಈ ಜನ ಹೇಳಿಬಿಡುವ ಆ ನಷ್ಟದಲ್ಲಿ ಹೊಲ-ಮನೆಗಳ ಜೊತೆ ಹಳೆಯ ನೆರೆಹೊರೆಯೂ ಹೋಯಿತು, ಪರಿಹಾರದ ಲೆಕ್ಕದಲ್ಲಿ ಅದಕ್ಕೆ ಕಲಮಿರಲಿಲ್ಲ. ಉಳಿದ ಕರೂರು, ಬಾರಂಗಿ ಹೋಬಳಿಗಳ ಜನಕ್ಕೆ ಸಾಗರ ಪೇಟೆ ನೀರಿನಾಚೆಗಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚ್ ಸಂಜೆ ನಿಂತರೆ ಬೆಳಗಾಗುವ ತನಕ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ ಉಳಿಯಬೇಕಿತ್ತು.

ಹವ್ಯಾಸಿಯ ಒಂಟಿತನ ನೀರಿನಿಂದಲೇ ಬರಬೇಕೆಂದಿಲ್ಲ, ವಿಷಯದ ಅಪರೂಪತೆಯಿಂದಲೂ ಬರುತ್ತದೆ. ಕೆಳದಿಯ ಇತಿಹಾಸಜ್ಞ ಗುಂಡಾ ಜೋಯಿಸರು (1931–2024) ಮನೆಮನೆಯ ಅಟ್ಟದಿಂದ ಓಲೆಗರಿ, ಕಡತ, ನಾಣ್ಯ, ಆಯುಧಗಳನ್ನು ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಅದು ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. ಮಲೆನಾಡಿನ ಮನೆಗಳ ಓಲೆಗರಿಗಳಲ್ಲಿ ಬಹಳಷ್ಟು ತಿಗಳಾರಿ ಲಿಪಿಯಲ್ಲಿವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮುಖ್ಯವಾಗಿ ಸಂಸ್ಕೃತ ಗ್ರಂಥಗಳ ಪ್ರತಿಗೆ ಬಳಕೆಯಾದ, ಅಚ್ಚಿನ ಕಾಲದಲ್ಲಿ ಕೈಬಿಟ್ಟುಹೋದ ಲಿಪಿ ಇದು. ಅಜ್ಜ ಬರೆದದ್ದನ್ನು ಮೊಮ್ಮಗ ಓದಲಾರದ ಸ್ಥಿತಿ ಎರಡೇ ತಲೆಮಾರಿನಲ್ಲಿ ಬಂದೊದಗಿತ್ತು. ಜೋಯಿಸರು ಈ ಲಿಪಿಯನ್ನು ಓದಿದರು, ಆಸಕ್ತರಿಗೆ ಕಲಿಸಿದರು, ಆದರೆ ಕಲಿಯಲು ಕೆಳದಿಗೇ ಬರಬೇಕಿತ್ತು. ಇಂದು ಗರಿಯ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಿ, ಒಂದು ಕೂಡಕ್ಷರ ತಿಳಿಯದಾದರೆ ಬೇರೆ ಜಿಲ್ಲೆಯ ಮತ್ತೊಬ್ಬ ಕಲಿಕೆಗಾರನಿಂದ ಉತ್ತರ ಪಡೆಯಲು ಸಾಧ್ಯವಾಗಿದೆ. ಕಂಪ್ಯೂಟರಿನಲ್ಲಿ ಈ ಲಿಪಿಗೆ ಸಂಕೇತವೇ ಇಲ್ಲದೆ ಎಲ್ಲವನ್ನೂ ಚಿತ್ರವಾಗಿಯೇ ಕಳಿಸಬೇಕಿದ್ದ ತೊಡಕಿಗೆ, 2024ರ ಯೂನಿಕೋಡ್ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಸೇರಿದ್ದರಿಂದ ದಾರಿ ತೆರೆಯಿತು. ದೇಶದಲ್ಲೆಲ್ಲ ಚದುರಿರುವ ಕೆಲವೇ ಮಂದಿಯನ್ನು ಒಂದು ಪಡಸಾಲೆಗೆ ಕೂಡಿಸುವುದು ಹಿಂದಿನ ಯಾವ ಕೂಟಕ್ಕೂ ಆಗದ ಕೆಲಸ, ಮತ್ತು ಸಾಮಾಜಿಕ ಜಾಲತಾಣದ ನಿಜವಾದ ಬೆಲೆ ಇಲ್ಲಿಯೇ ಕಾಣುತ್ತದೆ.

ತಾಳಮದ್ದಳೆಗೆ ಅದು ಅಷ್ಟೇ ಒದಗಿತೆಂದು ಹೇಳಲಾಗದು. 2020ರ ಕೋವಿಡ್ ನಿರ್ಬಂಧದಲ್ಲಿ ಕೂಟಗಳು ಯೂಟ್ಯೂಬ್, ಫೇಸ್‌ಬುಕ್‌ಗಳಲ್ಲಿ ನೇರ ಪ್ರಸಾರವಾದವು, ಬೆಂಗಳೂರಿನಲ್ಲೂ ಹೊರದೇಶದಲ್ಲೂ ಇದ್ದ ಮಲೆನಾಡಿಗರು ಕೇಳಿದರು, ಮುದುಕರ ಬೇಸರ ಎಷ್ಟೋ ಕಳೆಯಿತು. ಆದರೆ ಎದುರಾಳಿಯ ಮುಖ ನೋಡಿ ಹುಟ್ಟುವ ಮಾತಿಗೆ, ಸಭೆಯ ನಗೆಗೂ ನಿಟ್ಟುಸಿರಿಗೂ ತಕ್ಕಂತೆ ತಿರುಗುವ ವಾದಕ್ಕೆ ಪರದೆ ಸಾಲದು; ಕೇಳುಗರು ಹೆಚ್ಚಿದಷ್ಟು ಅರ್ಥಧಾರಿಗಳು ಹೆಚ್ಚಲಿಲ್ಲ. ಅಡಿಕೆ ಬೆಳೆಗಾರರ ಗುಂಪುಗಳದು ಬೇರೆ ಬಗೆ. ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿಗಳ ತೋಟಗಳಿಗೆ ಹಬ್ಬಿದಾಗ ಸೋಗೆಯ ಚಿತ್ರಗಳೂ ಔಷಧಿಯ ಸಲಹೆಗಳೂ ಒಟ್ಟಿಗೆ ಹರಿದಾಡಿದವು, ಅವುಗಳಲ್ಲಿ ಅನುಭವದ ಮಾತೆಷ್ಟು, ಮಾರಾಟಗಾರರ ಮಾತೆಷ್ಟು ಎಂದು ಜಾಲಿಸುವ ಕೆಲಸ ಬೆಳೆಗಾರರ ಪಾಲಿಗೇ ಉಳಿಯಿತು.

ಹೆಚ್ಚು ಬದಲಾದದ್ದು ಬಾಗಿಲ ಮರೆಯಲ್ಲಿದ್ದವರ ಪಾಡು. ಹಸೆ ಚಿತ್ತಾರದ ಎಳೆಗಳನ್ನು ನೋಡಲು ಈಗ ಮದುವೆಗೆ ಕಾಯಬೇಕಿಲ್ಲ. ಬರೆದವಳ ಹೆಸರಿನೊಡನೆ ಚಿತ್ರ ಊರೂರು ಸುತ್ತುತ್ತದೆ, ಬುಟ್ಟಿಗೂ ಚೌಕಟ್ಟಿಗೂ ದೂರದ ಪೇಟೆಯಿಂದ ಬೇಡಿಕೆ ಬರುತ್ತದೆ. ಇದರಲ್ಲಿ ನಷ್ಟವೂ ಇದೆ, ಪರದೆಯ ಮೇಲೆ ಮೆಚ್ಚಿಗೆ ಪಡೆದ ವಿನ್ಯಾಸವೇ ಮರುಮರಳಿ ಬರುವಾಗ ಊರೂರಿನ ಎಳೆಗಳ ಭೇದ ಅಳಿಸುವ ಅಪಾಯ ಇದ್ದೇ ಇದೆ. ಗಿಡದ ಗೀಳಿನವರು ನೆಂಟಸ್ತಿಕೆಯ ದಾರಿಯನ್ನು ದಾಟಿ, ಗುರುತೇ ಇಲ್ಲದ ಇನ್ನೊಂದು ಜಾತಿಯ, ಇನ್ನೊಂದು ತಾಲ್ಲೂಕಿನ ಮನೆಯವರೊಡನೆ ಗೆಡ್ಡೆ-ಬೀಜ ಬದಲಾಯಿಸಿಕೊಳ್ಳುತ್ತಾರೆ. ಜಗಲಿಗೆ ಹತ್ತುವ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಕೇಳದಿರುವುದು ಸಣ್ಣ ಬದಲಾವಣೆಯಲ್ಲ.

ಇಷ್ಟಾದರೂ ಈ ಸವಲತ್ತು ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುತ್ತಿದೆ. ಮಳೆಗಾಲದಲ್ಲಿ ಲ್ಯಾಂಡ್‌ಲೈನ್ ತಂತಿ ತುಂಡಾಗುತ್ತಿದ್ದಂತೆ ಈಗ ಕರೆಂಟು ಹೋದೊಡನೆ ಟವರ್ ಮಲಗುತ್ತದೆ. ಕೋವಿಡ್ ಕಾಲದಲ್ಲಿ ಶಾಲೆಯ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿದರು, ಹಿನ್ನೀರಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂಬ ಕೂಗೂ ಎದ್ದಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು, ಹಿನ್ನೀರು ನಿಂತು ಆರು ದಶಕಗಳ ಮೇಲೆ. ರಸ್ತೆಗೆ ಅಷ್ಟು ಕಾಲ ಕಾದ ಜನ ಟವರಿಗೂ ಅಷ್ಟೇ ಕಾಯಬೇಕಾದರೆ, ಅಷ್ಟರೊಳಗೆ ಮನೆಯಲ್ಲಿ ಗರಿ ಓದಬಲ್ಲವರೂ ಎಳೆ ಬರೆಯಬಲ್ಲವರೂ ಎಷ್ಟು ಮಂದಿ ಉಳಿದಿರುತ್ತಾರೆಂಬುದು ದೂರಸಂಪರ್ಕದ ಕಡತಗಳಲ್ಲಿ ಯಾರೂ ಕೇಳಿಕೊಳ್ಳದ ಪ್ರಶ್ನೆ.