ಮನೆಯ ಟಿವಿ ಧ್ವನಿವ್ಯವಸ್ಥೆಯಲ್ಲಿ ಬೇಡದ ಕಂಪನ: ನಿದಾನ ಮತ್ತು ಪರಿಹಾರ

ಟಿವಿಯ ಕೆಳಗೊಂದು ಸೌಂಡ್‌ಬಾರ್, ಮೂಲೆಯಲ್ಲೊಂದು ಸಬ್‌ವೂಫರ್ ಇಲ್ಲದ ಕನ್ನಡಿಗರ ಮನೆಗಳು ಈಗ ಸಿಯಾಟಲ್ ಸುತ್ತಮುತ್ತ ವಿರಳ. ಇವುಗಳ ಜೊತೆಗೇ ಬರುವ ಒಂದು ತೊಂದರೆಯೂ ಅಷ್ಟೇ ಸಾಮಾನ್ಯ. ಚಿತ್ರದಲ್ಲಿ ಚಂಡೆ ಮೊಳಗಿದೊಡನೆ ಗಾಜಿನ ಕಪಾಟು ಝಲ್ಲೆನ್ನುತ್ತದೆ, ದೇವರ ಮಂಟಪದ ಗಂಟೆ ತಾನಾಗಿಯೇ ಕಿಣಿಕಿಣಿಸುತ್ತದೆ, ಗೋಡೆಯೊಳಗೆಲ್ಲೋ ಏನೋ ಟರ್ರೆನ್ನುತ್ತದೆ. ಕೆಲವು ಮನೆಗಳಲ್ಲಿ ಯಾವ ಚಿತ್ರವೂ ಓಡದಿರುವಾಗಲೂ ಗುಮ್ಮೆಂಬ ಗುನುಗು ನಿಲ್ಲುವುದಿಲ್ಲ. ಈ ಬೇಡದ ಕಂಪನಗಳ ಮೂಲವನ್ನು ಕ್ರಮವಾಗಿ ಹುಡುಕಿ ನಿವಾರಿಸುವ ಬಗೆಯನ್ನು ತಿಳಿಸುವುದು ಈ ಲೇಖನದ ಉದ್ದೇಶ. ನಾನು ವೃತ್ತಿಯಿಂದ ವೈದ್ಯ, ಧ್ವನಿ ಎಂಜಿನಿಯರ್ ಅಲ್ಲ. ಆದರೆ ರೋಗಲಕ್ಷಣದಿಂದ ರೋಗಮೂಲಕ್ಕೆ ಸಾಗುವ ನಮ್ಮ ಪದ್ಧತಿ ಇಲ್ಲಿಯೂ ಚೆನ್ನಾಗಿ ಒದಗುತ್ತದೆ.

ಇದು ಬರಿಯ ಕಿರಿಕಿರಿಯಲ್ಲ

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರ ಸ್ವರಗಳನ್ನು. ಮಾತಿನ ಸ್ಪಷ್ಟತೆಯನ್ನು ಹೊತ್ತಿರುವ ಸ, ಶ, ತ, ಕ ಮೊದಲಾದ ವ್ಯಂಜನಗಳ ಶಕ್ತಿ ಬಹುಪಾಲು ಆ ಮೇಲಿನ ಭಾಗದಲ್ಲಿಯೇ ಇರುತ್ತದೆ. ಅಲ್ಲದೆ ಒಳಗಿವಿಯ ರಚನೆಯಿಂದಾಗಿ, ಜೋರಾದ ಮಂದ್ರನಾದವು ತನಗಿಂತ ಮೇಲಿನ ಸ್ವರಗಳನ್ನು ಮರೆಮಾಡುತ್ತದೆ. ಇದರ ವಿಪರ್ಯಯ ಅಷ್ಟಾಗಿ ನಡೆಯುವುದಿಲ್ಲ. ಆದ್ದರಿಂದ ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದ ತಾಯಿತಂದೆಯರು ಕನ್ನಡ ಚಿತ್ರ ನೋಡುತ್ತ "ಮಾತೇ ಕೇಳಿಸುತ್ತಿಲ್ಲ" ಎಂದರೆ ಧ್ವನಿಯನ್ನು ಏರಿಸುವುದು ಪರಿಹಾರವಲ್ಲ. ಧ್ವನಿ ಏರಿದಷ್ಟೂ ಕಂಪನವೂ ಏರಿ, ಇದ್ದ ಮಾತನ್ನೂ ನುಂಗುತ್ತದೆ. ಮಾತು ತಪ್ಪಿದ ಹಿರಿಯರು ಕ್ರಮೇಣ ಕೋಣೆಗೆ ಸರಿದುಬಿಡುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಇಲ್ಲಿನ ಮನೆಗಳೇಕೆ ಹೆಚ್ಚು ನಡುಗುತ್ತವೆ?

ಬೆಂಗಳೂರಿನ ಮನೆಯ ಇಟ್ಟಿಗೆಗೋಡೆ, ಕಾಂಕ್ರೀಟು ತಾರಸಿಗಳು ಭಾರವಾದವು. ಮಂದ್ರನಾದಕ್ಕೆ ಸುಲಭವಾಗಿ ಅಲುಗುವುದಿಲ್ಲ. ಸಿಯಾಟಲ್ ಪ್ರದೇಶದ ಮನೆಗಳ ಹಂದರ ಮರದ್ದು. ಸಾಮಾನ್ಯವಾಗಿ 16 ಅಂಗುಲಕ್ಕೊಂದು ಮರದ ಕಂಬ, ಅದರ ಮೇಲೆ ಅರ್ಧ ಅಂಗುಲದ ಜಿಪ್ಸಮ್ ಹಲಗೆ, ನೆಲದಡಿ ಮರದ ತೊಲೆಗಳು, ಅನೇಕ ಕಡೆ ಅದರ ಕೆಳಗೆ ಟೊಳ್ಳಾದ ಕ್ರಾಲ್ ಸ್ಪೇಸ್. ಬಿಸಿಗಾಳಿಯ ತಗಡಿನ ಕೊಳವೆಗಳು ಈ ಟೊಳ್ಳಿನಲ್ಲಿ ಓಡುತ್ತವೆ. ಹೀಗೆ ಇಡೀ ಮನೆಯೇ ಒಂದು ವಾದ್ಯದ ಬುರುಡೆಯಂತೆ ವರ್ತಿಸುತ್ತದೆ.

ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಆವೃತ್ತಿಯುಂಟು. ಹೊರಗಿನ ಕಂಪನದ ಆವೃತ್ತಿ ಅದಕ್ಕೆ ಹೊಂದಿದಾಗ ವಸ್ತು ಬಲವಾಗಿ ಸ್ಪಂದಿಸುತ್ತದೆ, ಇದೇ ಅನುರಣನೆ. ನಮ್ಮ ನೆರೆಯ ಟಕೋಮ ನ್ಯಾರೋಸ್ ಸೇತುವೆ 1940ರ ಜುಲೈ 1ರಂದು ತೆರೆದು ಅದೇ ವರ್ಷ ನವೆಂಬರ್ 7ರಂದು ಗಾಳಿಗೆ ತೊನೆದು ಕುಸಿದದ್ದನ್ನು ಅನೇಕ ಪಠ್ಯಪುಸ್ತಕಗಳು ಅನುರಣನೆಗೆ ಉದಾಹರಣೆಯಾಗಿ ಕೊಡುತ್ತವೆ. ಎಂಜಿನಿಯರುಗಳ ವಿವರಣೆ ತುಸು ಬೇರೆ. ಸೇತುವೆಯ ತಿರುಚುವಿಕೆಯೇ ಗಾಳಿಯಿಂದ ಇನ್ನಷ್ಟು ಶಕ್ತಿಯನ್ನು ಸೆಳೆದುಕೊಂಡು ತನ್ನನ್ನು ತಾನೇ ಬೆಳೆಸಿಕೊಂಡಿತು. ಮನೆಯಲ್ಲಿಯೂ ಈ ಎರಡು ಬಗೆಗಳಿವೆ. ಕಪಾಟಿನ ಗಾಜು ನಡುಗುವುದು ಅನುರಣನೆ. ಕರೋಕೆ ಹಾಡುವಾಗ ಮೈಕು ಸ್ಪೀಕರಿನೆದುರು ಬಂದು ಕೀರಲಿಡುವುದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಕಂಪನ. ಮೊದಲನೆಯದಕ್ಕೆ ವಸ್ತುವನ್ನು ಬಿಗಿ ಮಾಡಬೇಕು, ಎರಡನೆಯದಕ್ಕೆ ಮೈಕನ್ನು ದೂರ ಸರಿಸಬೇಕು.

ಮೊದಲ ಪ್ರಶ್ನೆ: ದೋಷವೋ, ಗುಣವೋ?

ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಎಳೆದಿಟ್ಟ ಜೀವಾಳದ ನೂಲು ಬೇಕೆಂದೇ ಝೇಂಕಾರವನ್ನು ಹುಟ್ಟಿಸುತ್ತದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ ಅವರು ಅದಕ್ಕೂ ಮೊದಲೇ ವೀಣೆ ತಂಬೂರಿಗಳ ಕುದುರೆಯನ್ನೂ ಮೃದಂಗ ತಬಲಗಳ ಕರಣೆಯನ್ನೂ ಅಭ್ಯಸಿಸಿ, ಇಂತಹ ನಾದಗಳ ಹಿಂದಿನ ಭೌತವಿಜ್ಞಾನವನ್ನು ವಿವರಿಸಿದ್ದರು. ಆದ್ದರಿಂದ ಸಂಗೀತ ಕೇಳುವಾಗ ಝೇಂಕಾರ ಕೇಳಿಸಿದರೆ ಅದು ಧ್ವನಿಮುದ್ರಣದಲ್ಲಿಯೇ ಇರಬಹುದು. ಅದೇ ತುಣುಕನ್ನು ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿಯೂ ಇದ್ದರೆ ನಿಮ್ಮ ಉಪಕರಣ ನಿರ್ದೋಷಿ. ಹಳೆಯ ಚಿತ್ರಗೀತೆಗಳ ಗುನುಗಿಗೂ ಇದೇ ಪರೀಕ್ಷೆ.

ಎರಡನೆಯ ಪ್ರಶ್ನೆ: ವಿದ್ಯುತ್ತಿನದೋ, ಯಾಂತ್ರಿಕವೋ?

ಧ್ವನಿಯನ್ನು ಪೂರ್ತಿ ಸೊನ್ನೆಗಿಳಿಸಿ. ಗುನುಗು ಆಗಲೂ ಉಳಿದರೆ ಅದರ ಮೂಲ ವಿದ್ಯುತ್ತು. ಅಮೆರಿಕೆಯ ವಿದ್ಯುತ್ತಿನ ಆವೃತ್ತಿ 60 ಹರ್ಟ್ಸ್, ಆದ್ದರಿಂದ ಗುನುಗು 60 ಅಥವಾ 120 ಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಭಾರತದಲ್ಲಿ ಅದು 50 ಅಥವಾ 100. ಬಹಳ ಸಲ ಇದಕ್ಕೆ ಕಾರಣ, ಬೇರೆಬೇರೆ ಉಪಕರಣಗಳು ಬೇರೆಬೇರೆ ಹಾದಿಯಲ್ಲಿ ಭೂಸಂಪರ್ಕ ಪಡೆದು ಅವುಗಳ ನಡುವೆ ಉಂಟಾಗುವ ವಿದ್ಯುತ್ ಸುತ್ತು. ಕೇಬಲ್ ಟಿವಿಯ ದುಂಡು ತಂತಿಯನ್ನು ಬಿಚ್ಚಿ ನೋಡಿ. ಗುನುಗು ನಿಂತರೆ ಆ ತಂತಿಗೆ ಐಸೊಲೇಟರ್ ಹಾಕಿಸಬಹುದು. ಎಲ್ಲ ಉಪಕರಣಗಳನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಜೋಡಿಸುವುದೂ ಉಪಯುಕ್ತ. ಆದರೆ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವುದಾಗಲಿ ತಪ್ಪಿಸುವುದಾಗಲಿ ಎಂದಿಗೂ ಸಲ್ಲದು. ಅದು ಪ್ರಾಣರಕ್ಷಣೆಗಾಗಿ ಇರುವ ಕಡ್ಡಿ.

ಮೂರನೆಯ ಪ್ರಶ್ನೆ: ಸ್ಪೀಕರಿನದೋ, ಕೋಣೆಯದೋ?

ಸಬ್‌ವೂಫರನ್ನು ಬೇರೆ ಕೋಣೆಗೆ ಒಯ್ದು, ದಪ್ಪ ದಿಂಬಿನ ಮೇಲಿಟ್ಟು ಅದೇ ಸ್ವರವನ್ನು ನುಡಿಸಿ. ಪೇಸ್‌ಮೇಕರ್ ಇರುವವರು ಇದನ್ನು ಎದೆಗವುಚಿ ಎತ್ತಬಾರದು; ಸ್ಪೀಕರಿನ ಅಯಸ್ಕಾಂತವು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಬೇಕು. ಟರ್ರೆಂಬ ಸದ್ದು ಪೆಟ್ಟಿಗೆಯ ಜೊತೆಯಲ್ಲೇ ಬಂದರೆ ದೋಷ ಪೆಟ್ಟಿಗೆಯಲ್ಲಿದೆ. ಸಡಿಲವಾದ ತಿರುಪು, ಮುಂಬದಿಯ ಜಾಲರಿ, ವರ್ಷಗಳು ಕಳೆದಂತೆ ಪುಡಿಯಾಗುವ ಫೋಮಿನ ಅಂಚು ಇವು ಸಾಮಾನ್ಯ ಕಾರಣಗಳು. ವಿದ್ಯುತ್ತನ್ನು ತೆಗೆದು, ಶಂಕುವನ್ನು ಎರಡೂ ಬದಿಯಿಂದ ಬೆರಳುಗಳಿಂದ ಸಮನಾಗಿ, ಮೃದುವಾಗಿ ಒತ್ತಿದಾಗ ಒಳಗೆ ಕೆರೆದಂತಾದರೆ ಸುರುಳಿ ಉಜ್ಜುತ್ತಿದೆಯೆಂದು ತಿಳಿಯಬಹುದು. ಅದು ರಿಪೇರಿಯವರ ಕೆಲಸ.

ಸದ್ದು ಕೋಣೆಯಲ್ಲಿಯೇ ಉಳಿದರೆ ಹುಡುಕಾಟ ಸುಲಭ. 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಪರೀಕ್ಷಾಸ್ವರವನ್ನು ಫೋನಿನಿಂದ ಸಾಧಾರಣ ಮಟ್ಟದಲ್ಲಿ ನುಡಿಸಿ. ಜೋರು ಮಾಡಿದರೆ ಸ್ಪೀಕರಿಗೇ ಹಾನಿಯಾಗಬಹುದು. ವಸ್ತು ನಡುಗಿದ ಆವೃತ್ತಿಯಲ್ಲಿ ಸ್ವರವನ್ನು ನಿಲ್ಲಿಸಿಕೊಂಡು, ಕೋಣೆಯಲ್ಲಿ ಸುತ್ತುತ್ತ ಒಂದೊಂದರ ಮೇಲೂ ಅಂಗೈಯಿಡಿ. ಕೈಯಿಟ್ಟೊಡನೆ ಯಾವುದು ಸುಮ್ಮನಾಗುತ್ತದೆಯೋ ಅದೇ ಅಪರಾಧಿ. ಎದೆಯ ಮೇಲೆ ಅಂಗೈಯಿಟ್ಟು ಹೃದಯದ ಕವಾಟದ ನಡುಕವನ್ನು ಗುರುತಿಸುವ ನಮ್ಮ ಪರೀಕ್ಷೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಗೋಡೆಯೊಳಗಿನ ಸದ್ದಿಗೆ ನಾನು ಧ್ವನಿಯನ್ನು ಬಹಳ ತಗ್ಗಿಸಿ ಸ್ಟೆತಾಸ್ಕೋಪನ್ನೇ ಬಳಸುವುದುಂಟು.

ಸಾಮಾನ್ಯವಾಗಿ ಸಿಕ್ಕಿಬೀಳುವವು: ನೆಲದ ಬಿಸಿಗಾಳಿಯ ತೆರಪಿನ ಲೋಹದ ಜಾಲರಿ, ಚಿತ್ರದ ಚೌಕಟ್ಟು, ಕಿಟಕಿಯ ಬ್ಲೈಂಡ್ಸ್, ಗೊಂಬೆ ಕಪಾಟಿನ ಗಾಜು, ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳು, ಹಿತ್ತಾಳೆ ದೀಪದ ಸಡಿಲ ತಿರುಪು, ದೇವರ ಗಂಟೆ.

ಪರಿಹಾರಗಳು

ಚೌಕಟ್ಟಿನ ಹಿಂದೆ, ಗಾಜಿನ ಅಂಚಿಗೆ ಫೆಲ್ಟ್ ತುಣುಕು ಸಾಕು. ಲೋಹದ ಜಾಲರಿಯಡಿ ತೆಳು ರಬ್ಬರ್ ಪಟ್ಟಿ ಅಂಟಿಸಬಹುದು. ವಿಗ್ರಹ, ದೀಪಗಳಿಗೆ ಭೂಕಂಪದ ಮುಂಜಾಗ್ರತೆಗೆಂದು ಇಲ್ಲಿ ಮಾರುವ ಅಂಟುಮೇಣ ಉತ್ತಮ. 2001ರ ಫೆಬ್ರವರಿ 28ರಂದು 6.8 ತೀವ್ರತೆಯ ನಿಸ್ಕ್ವಾಲಿ ಭೂಕಂಪವನ್ನು ಕಂಡ ನಮ್ಮ ಪ್ರದೇಶದಲ್ಲಿ ಇದರಿಂದ ಎರಡು ಕಾರ್ಯಗಳು ಒಟ್ಟಿಗೇ ಆಗುತ್ತವೆ.

ನೆಲದ ಮೂಲಕ ಹರಿಯುವ ಕಂಪನಕ್ಕೆ ಸಬ್‌ವೂಫರಿನಡಿ ಮೆತ್ತನೆಯ ಆಧಾರ ಬೇಕು. ಎಷ್ಟು ಮೆತ್ತಗೆ? ಪೆಟ್ಟಿಗೆಯ ಭಾರಕ್ಕೆ ಆಧಾರವು 1 ಮಿಲಿಮೀಟರ್ ಕುಗ್ಗಿದರೆ ಆ ಜೋಡಿಯ ಸಹಜ ಆವೃತ್ತಿ ಸುಮಾರು 16 ಹರ್ಟ್ಸ್. 4 ಮಿಲಿಮೀಟರ್ ಕುಗ್ಗಿದರೆ ಸುಮಾರು 8. ಈ ಸಂಖ್ಯೆಯ 1.4 ಪಟ್ಟಿಗಿಂತ ಮೇಲಿನ ಆವೃತ್ತಿಗಳಲ್ಲಿ ಮಾತ್ರ ಆಧಾರವು ಕಂಪನವನ್ನು ತಡೆಯುತ್ತದೆ. ಗಡುಸಾದ ರಬ್ಬರ್ ಚೂರು 0.1 ಮಿಲಿಮೀಟರ್ ಮಾತ್ರ ಕುಗ್ಗಿದರೆ ಸಹಜ ಆವೃತ್ತಿ 50ರ ಸುಮಾರಿಗೆ ಬಂದು, ಅದು ತಡೆಯುವ ಬದಲು ಕಂಪನವನ್ನು ಹೆಚ್ಚಿಸುತ್ತದೆ. ಚೂಪುಕಾಲುಗಳು ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯುತ್ತವೆಯೇ ಹೊರತು ಬೇರ್ಪಡಿಸುವುದಿಲ್ಲ.

ಗಾಳಿಯ ಮೂಲಕ ಹರಿಯುವ ನಾದಕ್ಕೆ ಆಧಾರದಿಂದ ಪ್ರಯೋಜನವಿಲ್ಲ. ಅಲ್ಲಿ ಸ್ಥಳ ಬದಲಾವಣೆಯೇ ಮದ್ದು. 40 ಹರ್ಟ್ಸ್ ಸ್ವರದ ತರಂಗದೂರ ಸುಮಾರು 8.6 ಮೀಟರ್. ಕೋಣೆಯ ಉದ್ದ 5 ಮೀಟರ್ ಇದ್ದರೆ 34 ಹರ್ಟ್ಸ್ ಸುಮಾರಿನಲ್ಲಿ ಕೋಣೆಯೇ ಅನುರಣಿಸುತ್ತದೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಈ ಅನುರಣನೆಗಳನ್ನೆಲ್ಲ ಗರಿಷ್ಠವಾಗಿ ಎಬ್ಬಿಸುತ್ತದೆ. ಅದನ್ನು ಗೋಡೆಯ ಉದ್ದಕ್ಕೆ ಒಂದೆರಡು ಅಡಿ ಸರಿಸಿ ನೋಡಿ.

ಅಪಾರ್ಟ್‌ಮೆಂಟಿನವರು ನೆನಪಿಡಬೇಕಾದ ಅಂಶವೊಂದಿದೆ. ಗೋಡೆಯ ತಡೆಶಕ್ತಿ ಆವೃತ್ತಿ ಅರ್ಧವಾದಾಗಲೆಲ್ಲ ಸ್ಥೂಲವಾಗಿ 6 ಡೆಸಿಬೆಲ್ ಕುಗ್ಗುತ್ತದೆ. ಎಂದರೆ 500 ಹರ್ಟ್ಸ್‌ಗಿಂತ 50 ಹರ್ಟ್ಸ್‌ನಲ್ಲಿ ತಡೆ ಸುಮಾರು 20 ಡೆಸಿಬೆಲ್ ಕಡಿಮೆ. ನಿಮಗೆ ಹಿತವೆನಿಸಿದ ಚಿತ್ರದ ಮಂದ್ರಭಾಗ ಮಾತ್ರ ಕೆಳಮನೆಯವರ ಮಲಗುವ ಕೋಣೆಗೆ ತಲಪುತ್ತದೆ. ರತ್ನಗಂಬಳಿ, ಪರದೆಗಳು ಇದನ್ನು ತಡೆಯಲಾರವು. ರಾತ್ರಿಯ ಹೊತ್ತು ಸಬ್‌ವೂಫರನ್ನು ಆರಿಸುವುದೇ ಸೌಜನ್ಯ.

ಕೊನೆಯದಾಗಿ, ಕಿವಿಗಳ ವಿಚಾರ

ಹಿರಿಯರಿಗಾಗಿ ಮಾಡಬೇಕಾದ ಹೊಂದಾಣಿಕೆ ಸರಳ. ಸಬ್‌ವೂಫರಿನ ಮಟ್ಟವನ್ನು ಇಳಿಸಿ, ಮಾತು ಹೊಮ್ಮುವ ನಡುವಿನ ಚಾನೆಲನ್ನು ಏರಿಸಿ, ನೈಟ್ ಮೋಡ್ ಇದ್ದರೆ ಹಾಕಿ. ಶ್ರವಣಸಾಧನ ಧರಿಸುವವರಿಗೆ ಟಿವಿಯಿಂದ ನೇರವಾಗಿ ಧ್ವನಿ ಕಳಿಸುವ ಪರಿಕರಗಳು ದೊರೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಸುರಕ್ಷಿತ ಆಲಿಸುವಿಕೆಯ ಮಿತಿ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್.

ಎಲ್ಲವನ್ನೂ ಆರಿಸಿದ ಮೇಲೂ, ಮನೆಯವರಾರಿಗೂ ಕೇಳಿಸದ ಗುನುಗು ನಿಮಗೊಬ್ಬರಿಗೇ ಕೇಳಿಸುತ್ತಿದ್ದರೆ ಅದನ್ನು ಗೋಡೆಯಲ್ಲಿ ಹುಡುಕಬೇಡಿ. ಶ್ರವಣ ಪರೀಕ್ಷೆ ಮಾಡಿಸಿ. ಒಂದೇ ಕಿವಿಯಲ್ಲಿ ಕೇಳಿಸಿದರೆ ಅಥವಾ ನಾಡಿಯೊಂದಿಗೆ ಮಿಡಿದರೆ ವೈದ್ಯರನ್ನು ಬೇಗ ಕಾಣಿ. ಒಂದು ಕಿವಿ ಥಟ್ಟನೆ ಮಂದವಾದರೆ ಅದೇ ದಿನ ಕಾಣಬೇಕು, ಏಕೆಂದರೆ ಆ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ನಿರ್ಣಾಯಕ.