ತಾನೇ ಜಗ್ಗುವ ಗಾಳ

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಚಳಿ ಅಂತ ನೆಪ ಹೇಳಬಹುದು. ಮಿನೆಸೋಟಾದಲ್ಲಿ ಇರೋರಿಗೆ ಆ ನೆಪ ವರ್ಷಕ್ಕೆ ಐದು ತಿಂಗಳು ನಡೆಯುತ್ತೆ :-) ಆದರೆ ಈ ಸಲ ಬರೆಯದೇ ಇದ್ದದ್ದಕ್ಕೆ ನಿಜವಾದ ಕಾರಣವೇ ಬೇರೆ. ಒಂದು ಮರದ ತುಂಡು, ಒಂದು ಸ್ಪ್ರಿಂಗು ಮತ್ತು ಒಂದು ಕಾನೂನಿನ ಪುಟ, ಈ ಮೂರರ ಹಿಂದೆ ಬಿದ್ದು ಚಳಿಗಾಲ ಪೂರ್ತಿ ಕಳೆದುಬಿಟ್ಟೆ.

ಶುರುವಾಗಿದ್ದು ಜನವರಿಯಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬರಿದ್ದಾರೆ. ನಾವು ಮನೆಯೊಳಗೆ ಅವರನ್ನ 'ಪಕ್ಕದ್ಮನೆ ಅಜ್ಜ' ಅಂತಲೇ ಕರೆಯೋದು. ಅವರು ಒಂದು ಶನಿವಾರ ಬೆಳಗ್ಗೆ ಬಾಗಿಲು ತಟ್ಟಿ, "ಬಾ, ಮಿಲ್ ಲ್ಯಾಕ್ಸ್ ಕೆರೆಗೆ ಹೋಗೋಣ" ಅಂದರು. ಕೆರೆ ಅಂದರೆ ನಮ್ಮೂರ ಕೆರೆ ಅಂದ್ಕೋಬೇಡಿ. ಆಚೆ ದಡ ಕಾಣದಷ್ಟು ದೊಡ್ಡದು, ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟುತ್ತೆ. ನಡೆದು ಹೋಗೋಕೆ ಕನಿಷ್ಠ 4 ಇಂಚು ಗಟ್ಟಿ ಮಂಜುಗಡ್ಡೆ ಇರಬೇಕು ಅಂತಾರೆ. ಅಜ್ಜ ತಮ್ಮ ಪಿಕಪ್ಪನ್ನೇ ಅದರ ಮೇಲೆ ಓಡಿಸಿದರು, ಅವತ್ತು ಅಷ್ಟು ದಪ್ಪ ಇತ್ತು. ನಾನು ಬಾಗಿಲ ಹಿಡಿ ಬಿಡದೆ ಕೂತಿದ್ದೆ. ನಗಬೇಡಿ, ನೀವಾಗಿದ್ರೂ ಹಾಗೇ ಕೂರ್ತಿದ್ರಿ.

ಡ್ರಿಲ್ಲಿನಿಂದ ಎರಡು ತೂತು ಕೊರೆದರು. ಒಂದರ ಮೇಲೆ ಸಣ್ಣ ಗುಡಾರ, ಒಳಗೆ ನಾನು ಒಂದು ಗಿಡ್ಡ ಕೋಲು ಹಿಡಿದು ಕೂತೆ. ಇನ್ನೊಂದು ತೂತಿಗೆ, ಸುಮಾರು ಮೂವತ್ತು ಹೆಜ್ಜೆ ಆಚೆ, ಅಜ್ಜ ಅಡ್ಡ ಹಲಗೆಯ ಮೇಲೆ ಒಂದು ಸಾಧನ ಇಟ್ಟು ಬಂದರು. ಮೀನು ಎರೆ ಎಳೆದರೆ ಅದರ ಮೇಲಿನ ಕಿತ್ತಳೆ ಬಣ್ಣದ ಬಾವುಟ ಚಟ್ ಅಂತ ಎದ್ದು ನಿಲ್ಲುತ್ತೆ. ಇದಕ್ಕೆ ಟಿಪ್-ಅಪ್ ಅಂತ ಹೆಸರು. ಒಂದು ಗಂಟೆ ಆದ ಮೇಲೆ ಬಾವುಟ ಎದ್ದಿತು. ನಾನು ಓಡಿದೆ. ಮಂಜಿನ ಮೇಲೆ ಓಡೋದು ಅಂದ್ರೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ. ತಲುಪಿ ದಾರ ಎಳೆಯುವಷ್ಟರಲ್ಲಿ ಮೀನು ಗಾಳವನ್ನ ಹೊಟ್ಟೆಗೇ ಇಳಿಸಿಕೊಂಡಿತ್ತು. ಒಂದು ಅಡಿಯೂ ಇಲ್ಲದ ವಾಲೈ ಮೀನು, ವಾಪಸ್ ಬಿಡಬೇಕಾದದ್ದು. ಬಿಟ್ಟೆವು. ತೂತಿನಲ್ಲಿ ಅಡ್ಡಡ್ಡ ತೇಲುತ್ತಾ ಸ್ವಲ್ಪ ಹೊತ್ತು ಇದ್ದು ಕೆಳಗೆ ಹೋಯ್ತು. ಅಜ್ಜ ತಲೆ ಅಲ್ಲಾಡಿಸಿ, "ಅದು ಉಳಿಯಲ್ಲ" ಅಂದರು.

ನನ್ನ ತಲೆಗೆ ಹುಳ ಬಿಟ್ಟಿದ್ದು ಆ ಮಾತು.

ಟಿಪ್-ಅಪ್ಪಿನ ಮೊದಲ ರೂಪ ಅಂದರೆ ಎರಡು ಕಡ್ಡಿ, ಶಿಲುಬೆಯ ಹಾಗೆ ಕಟ್ಟಿದ್ದು. ಅಡ್ಡ ಕಡ್ಡಿ ತೂತಿನ ಎರಡೂ ಅಂಚಿನ ಮೇಲೆ ಕೂರುತ್ತೆ, ಉದ್ದ ಕಡ್ಡಿಯ ಒಂದು ತುದಿಗೆ ದಾರ. ಮೀನು ಎಳೆದರೆ ಆ ತುದಿ ಕೆಳಗೆ, ಈ ತುದಿ ಮೇಲಕ್ಕೆ. ನಮ್ಮ ಏತದ ಹಾಗೇ. ಹೆಸರು ಬಂದದ್ದೂ ಅದರಿಂದಲೇ. ಆಮೇಲೆ ಬಂದದ್ದು ದಾರದ ಉರುಳೆಯನ್ನ ನೀರಿನೊಳಗೇ ಮುಳುಗಿಸಿ ಇಡುವ ಮಾದರಿ. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು, ಆದ್ರೆ ನಿಜಕ್ಕೂ ಜಾಣತನ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಮಂಜಿನಡಿಯ ನೀರು ನೀರಾಗಿಯೇ ಇರುತ್ತಲ್ಲ, ಹಾಗಾಗಿ ಉರುಳೆ ಹೆಪ್ಪುಗಟ್ಟಲ್ಲ. ಮೀನು ಎಳೆದಂತೆ ಅದು ಸಲೀಸಾಗಿ ತಿರುಗುತ್ತೆ. ಮೇಲಿರೋದು ಉಕ್ಕಿನ ಪಟ್ಟಿಯ ತುದಿಯಲ್ಲಿ ಬಾವುಟ ಅಷ್ಟೆ.

ಗಮನಿಸಿ, ಇವೆರಡೂ 'ಮೀನು ಬಂದಿದೆ' ಅಂತ ಹೇಳುತ್ತವೆ ಅಷ್ಟೇ. ಹಿಡಿಯೋದಿಲ್ಲ. ಗಾಳ ಬಾಯಿಗೆ ನಾಟಬೇಕು ಅಂದ್ರೆ ಯಾರಾದ್ರೂ ಜಗ್ಗಬೇಕು. ನಮ್ಮೂರ ಹೊಳೆ ದಂಡೆಯಲ್ಲಿ ಬೆಂಡು ಮುಳುಗಿದ ತಕ್ಷಣ ಕೋಲು ಎತ್ತಿ ಝಾಡಿಸ್ತೀವಲ್ಲ, ಅದೇ. ಕೋಲು ಕೈಯಲ್ಲಿದ್ದರೆ ಅರೆಕ್ಷಣದ ಕೆಲಸ. ಗಾಳ ಅಷ್ಟು ದೂರದಲ್ಲಿದ್ದು ಕೈ ಇಲ್ಲಿದ್ದರೆ?

ಕೈ ಯಾಕೆ ದೂರ ಇರುತ್ತೆ ಅಂದರೆ, ಅದಕ್ಕೂ ಕಾನೂನೇ ಕಾರಣ. ಮಿನೆಸೋಟಾದಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ಮಂಜಿನ ಮೇಲೆ ಎರಡು. ಪಕ್ಕದ ವಿಸ್ಕಾನ್ಸಿನ್ನಿನಲ್ಲಿ ಮೂರು, ದೂರದ ಮೇಯ್ನ್‌ನಲ್ಲಿ ಐದು. ಒಂದು ಕೋಲು ಕೈಯಲ್ಲಿ ಹಿಡಿದು ಕೂತವರಿಗೆ ಉಳಿದ ಗಾಳಗಳ ಹತ್ತಿರ ಕೈ ಇಲ್ಲ. ಟಿಪ್-ಅಪ್ ಇಟ್ಟವರು ಅದರಿಂದ 200 ಅಡಿಯೊಳಗೆ ಇರಬೇಕು ಅಂತ ಇಲ್ಲಿಯ ನಿಯಮ. 200 ಅಡಿ ಓಡಿ ಬರುವಷ್ಟರಲ್ಲಿ ಮೀನು ಎರೆ ನುಂಗಿ ಏಪ್ಪಿರುತ್ತೆ ;-) ತಾನೇ ಜಗ್ಗುವ ಗಾಳ ಹುಟ್ಟಿದ್ದು ಮನುಷ್ಯನ ಸೋಮಾರಿತನದಿಂದ ಅಂತ ಎಲ್ಲರೂ ಬೈಯ್ತಾರೆ. ನನ್ನ ಪ್ರಕಾರ ಅದು ಹುಟ್ಟಿದ್ದು ಈ ಎರಡನೇ ಗಾಳದಿಂದ.

ಹಾಗಂತ ಸ್ಪ್ರಿಂಗಿನ ಆಸೆ ಹೊಸದೇನಲ್ಲ. ಅಮೆರಿಕದಲ್ಲಿ 1846ರಲ್ಲೇ ಎಂಗಲ್‌ಬ್ರೆಕ್ಟ್ ಮತ್ತು ಸ್ಕಿಫ್ ಅನ್ನೋ ಇಬ್ಬರು ಸ್ಪ್ರಿಂಗ್ ಇರುವ ಮೀನಿನ ಗಾಳಕ್ಕೆ ಪೇಟೆಂಟ್ ತಗೊಂಡಿದ್ದರು. ಮೀನು ಕಚ್ಚಿದರೆ ಸ್ಪ್ರಿಂಗಿನ ಬಲದಿಂದ ಇನ್ನೊಂದು ಕೊಕ್ಕೆ ಬಂದು ಅದನ್ನ ಹಿಡಿಯೋ ತರಹದ್ದು. ಇಂಥ ಗಾಳಗಳಿಗೆ ಜನ ಇಟ್ಟ ಹೆಸರು 'ಸಾಕ್‌ಡಾಲಜರ್'. ಅಂದರೆ ಏಳದಂತೆ ಬೀಳುವ ಕೊನೇ ಏಟು. ಆ ಕಾಲದ ಅಮೆರಿಕನ್ ಆಡುಮಾತಿನ ನಿಘಂಟುಗಳಲ್ಲೂ ಈ ಅರ್ಥ ಇದೆ. (ಈ ಪದದ ಬಗ್ಗೆ ಒಂದು ಅಡ್ಡಕತೆ: 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ಸ್ ಥಿಯೇಟರಿನಲ್ಲಿ ಲಿಂಕನ್ ನೋಡ್ತಿದ್ದ ನಾಟಕದಲ್ಲಿ ಇದೇ ಪದದಿಂದ ಹುಟ್ಟಿದ ಒಂದು ಬೈಗುಳ ಬರುತ್ತೆ. ಆ ಮಾತಿಗೆ ಜನ ಜೋರಾಗಿ ನಗುತ್ತಾರೆ ಅಂತ ಗೊತ್ತಿದ್ದ ಬೂತ್ ಆ ನಗುವಿನ ಸದ್ದಿನಲ್ಲೇ ಗುಂಡು ಹಾರಿಸಿದ. ಮೀನಿನ ಗಾಳ ಹುಡುಕಲು ಹೋಗಿ ಎಲ್ಲಿಗೆ ಬಂದೆ ನೋಡಿ!)

ಮುಂದೆ ಕೆರೆ ಹೊಳೆಗಳಲ್ಲಿ ಮೀನು ಕಡಿಮೆ ಆಗತೊಡಗಿದಾಗ ಅಮೆರಿಕ ಸರ್ಕಾರ 1871ರಲ್ಲಿ ಮೀನುಗಳಿಗಾಗಿಯೇ ಒಂದು ಕಮಿಷನ್ ಮಾಡಿತು. ರಾಜ್ಯಗಳು ತಮ್ಮ ತಮ್ಮ ಕಾನೂನು ಬರೆದವು. ಗಾಳ ಹಾಕೋದು ಆಟ, ಬೋನು ಇಡೋದು ಸೂರೆ ಅನ್ನೋ ಒಂದು ಗೆರೆ ಆ ಕಾನೂನುಗಳಲ್ಲಿ ಬಂತು. ಸ್ಪ್ರಿಂಗ್ ಬಿದ್ದದ್ದು ಗೆರೆಯ ಆಚೆ ಕಡೆ, ಬೋನಿನ ಸಾಲಿನಲ್ಲಿ.

ಇದೆಲ್ಲ ನನಗೆ ತಿಳಿದದ್ದು ಅಜ್ಜನ ಗ್ಯಾರೇಜಿನಿಂದ. ಆ ವಾರ ಅವರು ಗೋಡೆಯ ಮೇಲಿನ ಒಂದು ಮೊಳೆಯಿಂದ ಏನೋ ತೆಗೆದು ಕೈಗೆ ಕೊಟ್ಟರು. ಒಂದು ಮರದ ಪಟ್ಟಿ, ಅದರ ತುದಿಗೆ ಹಲಗೆ ಮೇಲಿನ ಇಲಿಬೋನಿನಿಂದ ಕಿತ್ತ ಸ್ಪ್ರಿಂಗು, ತಂತಿಯ ಒಂದು ಕೊಕ್ಕೆ. ಮೀನು ದಾರ ಎಳೆದರೆ ಕೊಕ್ಕೆ ಜಾರುತ್ತೆ, ಸ್ಪ್ರಿಂಗು ಪಟ್ಟಿಯನ್ನ ಮೇಲಕ್ಕೆ ಎಸೆಯುತ್ತೆ, ಗಾಳ ನಾಟುತ್ತೆ. "ನಾನು ಮಾಡಿದ್ದು. ಕೆರೆಗೆ ತಗೊಂಡು ಹೋಗಿದ್ದು ಎರಡೇ ಸಲ, ಕೋಟಿನೊಳಗೆ ಬಚ್ಚಿಟ್ಟುಕೊಂಡು" ಅಂದರು. ಯಾಕೆ ಅಂದೆ. "ವಾರ್ಡನ್ ಕೈಗೆ ಸಿಕ್ಕರೆ ಮುಗೀತು."

ಮನೆಗೆ ಬಂದು ಕಾನೂನು ತೆಗೆದು ಓದಿದೆ. ಮಿನೆಸೋಟಾ ಶಾಸನದ 97ಸಿ.325ನೇ ಸೆಕ್ಷನ್. ಯಾವ ಯಾವ ರೀತಿಯಲ್ಲಿ ಮೀನು ಹಿಡಿಯಬಾರದು ಅನ್ನೋ ಪಟ್ಟಿ. ಮೀನನ್ನ ಚುಚ್ಚುವ, ಗಾಳಕ್ಕೆ ಸಿಕ್ಕಿಸುವ ಅಥವಾ ಹಿಡಿಯುವ ಸ್ಪ್ರಿಂಗ್ ಸಾಧನ ಕೂಡದು ಅಂತ ಸ್ಪಷ್ಟವಾಗಿದೆ. ಬಳಸೋದಿರಲಿ, ಕೆರೆಯ ಮೇಲೆ ಅಥವಾ ದಡದಲ್ಲಿ ಅದು ನಿಮ್ಮ ಹತ್ತಿರ ಇದ್ದರೇ ತಪ್ಪು ಮಾಡಿದ್ದೀರಿ ಅಂತ ಭಾವಿಸಲು ಸಾಕು. ಅಜ್ಜ ಕೋಟಿನೊಳಗೆ ಬಚ್ಚಿಟ್ಟದ್ದು ಸುಮ್ಮನೆ ಅಲ್ಲ.

ಆದರೆ ನಾನು ನಿಂತುಬಿಟ್ಟದ್ದು ಆ ಪಟ್ಟಿಯ ಶುರುವಿನಲ್ಲಿ. ಸಿಡಿಮದ್ದು, ರಾಸಾಯನಿಕ, ವಿಷ, ಸುಣ್ಣ... ಆಮೇಲೆ ಇಂಗ್ಲಿಷಿನಲ್ಲಿ 'ಫಿಶ್ ಬೆರಿ'. ಮೀನಿನ ಹಣ್ಣು? ಹುಡುಕಿ ನೋಡಿದರೆ, ಅದು ನಮ್ಮ ಕಾಕಮಾರಿ!

ಪಶ್ಚಿಮ ಘಟ್ಟದ ಕಾಡಿನಲ್ಲಿ ಹಬ್ಬುವ ಆ ಬಳ್ಳಿಯ ಬೀಜದಲ್ಲಿ ಇರೋ ವಿಷಕ್ಕೆ ಪಿಕ್ರೋಟಾಕ್ಸಿನ್ ಅಂತ ಹೆಸರು. 1812ರಲ್ಲಿ ಬೂಲೇ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಅದನ್ನ ಬೇರ್ಪಡಿಸಿದ. ಬೀಜ ನಮ್ಮ ಕಡೆಯಿಂದ ಹಡಗು ಹತ್ತಿ ಯುರೋಪಿಗೆ ಹೋಗ್ತಿತ್ತು. ಅಲ್ಲಿ ಬಿಯರಿನ ಕಿಕ್ ಹೆಚ್ಚಿಸೋಕೆ ಕಳ್ಳತನದಲ್ಲಿ ಬೆರೆಸ್ತಿದ್ದರು, ಮೀನಿನ ತಲೆ ತಿರುಗಿಸೋಕೂ ಬಳಸ್ತಿದ್ದರು. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಯ ಹಿಂದಿನ ಹಳ್ಳದ ಗುಂಡಿಗೆ ಅದನ್ನ ಜಜ್ಜಿ ಹಾಕಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಏಳು ವರ್ಷ ಇರಬಹುದು ನನಗೆ. ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದು ಸುತ್ತು ಹೊಡೆಯೋಕೆ ಶುರು ಮಾಡಿದವು. ದೊಡ್ಡದನ್ನ ಬುಟ್ಟಿಗೆ ಹಾಕಿಕೊಂಡರು. ಬೆರಳಿನಷ್ಟಿದ್ದ ಮರಿಗಳು ಹಾಗೇ ತೇಲುತ್ತಾ ಉಳಿದವು. ಅವನ್ನ ಯಾರೂ ತಗೊಳ್ಳಲಿಲ್ಲ. ಮರುದಿನ ಹಳ್ಳದ ಹತ್ತಿರ ಹೋಗೋಕಾಗದ ವಾಸನೆ. ಮಿಲ್ ಲ್ಯಾಕ್ಸ್‌ನ ತೂತಿನಲ್ಲಿ ಆ ವಾಲೈ ಅಡ್ಡಡ್ಡ ತೇಲಿದಾಗ ನನಗೆ ಯಾಕೆ ಅಷ್ಟು ಕಸಿವಿಸಿ ಆಯ್ತು ಅಂತ ಈ ಪಟ್ಟಿ ಓದಿದ ಮೇಲೆ ಗೊತ್ತಾಯ್ತು.

ಸರಿ, ಸ್ಪ್ರಿಂಗಿಗೆ ವಾಪಸ್ ಬರ್ತೀನಿ. ಅದೇ ಸೆಕ್ಷನ್ನಿನ ಕೊನೆಯಲ್ಲಿ ಒಂದು ಸಾಲಿದೆ: ಮೋಟಾರ್ ಇಲ್ಲದ, ತಾನೇ ಹಿಂದಕ್ಕೆ ಚಿಮ್ಮುವ ಸಾಧನವನ್ನ ಮಂಜಿನ ತೂತಿನಲ್ಲಿ ಬಳಸೋಕೆ ಕಮಿಷನರ್ ನಿಯಮದ ಮೂಲಕ ಒಪ್ಪಿಗೆ ಕೊಡಬಹುದು. ಎಂಥ ನಾಜೂಕು ನೋಡಿ! ಚಿಮ್ಮಬಹುದು, ಮೋಟಾರ್ ಇರಕೂಡದು. ಅಂದರೆ ಗಾಳ ನಾಟಿಸುವ ಆ ಒಂದು ಜಗ್ಗು ಯಂತ್ರದ್ದಾಗಬಹುದು, ಮೀನನ್ನ ಮೇಲೆ ತರೋದಕ್ಕೆ ಯಂತ್ರ ಕೂಡದು. ಮಂಜಿಲ್ಲದ ಬೇಸಿಗೆಗೆ ಈ ವಿನಾಯಿತಿಯೂ ಇಲ್ಲ. ಮೊದಲು ಓದಿದಾಗ ಇದು ವಕೀಲರ ಕಸರತ್ತು ಅನ್ನಿಸಿತ್ತು. ಇದೇ ರಾಜ್ಯದಲ್ಲಿ ಚಳಿಗಾಲದಲ್ಲಿ ಕತ್ತಲ ಗುಡಿಸಲಿನಲ್ಲಿ ಕೂತು ಪೈಕ್ ಮೀನನ್ನ ಈಟಿಯಿಂದ ಚುಚ್ಚಬಹುದು! ಓಜಿಬ್ವೆ ಜನ ಮರದ ಮೀನು ಕೆತ್ತಿ, ಅದನ್ನ ತೋರಿಸಿ ನಿಜ ಮೀನನ್ನ ಕರೆದು ಈಟಿ ಹಾಕೋದು ತುಂಬಾ ಹಳೆಯ ವಿದ್ಯೆ. ಈಟಿ ಆಗುತ್ತೆ, ಸ್ಪ್ರಿಂಗ್ ಆಗಲ್ಲ ಅಂದ್ರೆ ಏನರ್ಥ? ಈಗ ಅರ್ಥ ಆಗಿದೆ ಅಂದ್ಕೊಂಡಿದ್ದೀನಿ. ಈಟಿಯ ಹಿಂದೆ ಒಬ್ಬ ಮನುಷ್ಯ ಕೂತಿರಲೇಬೇಕು. ಒಬ್ಬನೇ ಐವತ್ತು ಸ್ಪ್ರಿಂಗ್ ಇಟ್ಟು ಮನೆಗೆ ಹೋಗಿ ಮಲಗಬಹುದು, ನಮ್ಮ ಕಡೆ ಮಳೆಗಾಲದಲ್ಲಿ ಕೂಣಿ ಇಟ್ಟು ಬರ್ತೀವಲ್ಲ ಹಾಗೆ.

ಈಗ ಅಂಗಡಿಯಲ್ಲಿ ಸಿಗೋ ಜಾಜ್ಯಾಕರ್, ಆಟೋಮ್ಯಾಟಿಕ್ ಫಿಶರ್‌ಮನ್ ಇವೆಲ್ಲ ಬಹಳ ಸರಳ. ಅವುಗಳಲ್ಲಿ ಬೇರೆ ಸ್ಪ್ರಿಂಗೇ ಇಲ್ಲ, ಕೋಲೇ ಸ್ಪ್ರಿಂಗು. ನಿಮ್ಮ ಮಾಮೂಲಿ ಗಿಡ್ಡ ಕೋಲನ್ನ ಬಿಲ್ಲಿನಂತೆ ಬಗ್ಗಿಸಿ ಒಂದು ಸಣ್ಣ ಟ್ರಿಗರ್‌ಗೆ ಸಿಕ್ಕಿಸಿ ಇಡ್ತಾರೆ. ಮೀನು ಎಳೆದರೆ ಟ್ರಿಗರ್ ಬಿಡುತ್ತೆ, ಕೋಲು ನೆಟ್ಟಗಾಗುತ್ತೆ. ನಾನು ಒಂದನ್ನ ಕೊಂಡೆ, ಅದನ್ನ ನೋಡಿ ಪ್ಲೈವುಡ್ಡಿನಲ್ಲಿ ಇನ್ನೊಂದನ್ನ ಮಾಡಿದೆ. ಮಾಡಿದ್ದು ಮೊದಲ ದಿನವೇ ಗಾಳಿಗೆ ಏಳು ಸಲ ತಾನಾಗೇ ಹಾರಿತು, ಮೀನಿಲ್ಲದೆ. ಟ್ರಿಗರ್ ಬಿಗಿ ಮಾಡಿದೆ. ಆಮೇಲೆ ಮೀನು ಎರೆ ತಿಂದು ಹೋದರೂ ಅಲ್ಲಾಡಲಿಲ್ಲ. ತಂತಿಯ ತುದಿಯನ್ನ ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ದಾರಿಗೆ ಬಂತು.

ಮಾಡೋರಿದ್ದರೆ ನನ್ನ ಅನುಭವದ ಮಾತು: ಎಲ್ಲ ಇರೋದು ಕೋಲಿನಲ್ಲಿ. ಕ್ರಾಪಿ ಅನ್ನೋ ಮೀನಿನ ಬಾಯಿ ಕಾಗದದಷ್ಟು ತೆಳು, ಗಡಸು ಕೋಲು ಹಾಕಿದರೆ ತುಟಿ ಹರಿದು ಮೀನು ಹೋಗುತ್ತೆ. ವಾಲೈಗೆ ಮೆದು ಕೋಲು ಹಾಕಿದರೆ ಮುಳ್ಳು ನಾಟಲ್ಲ. ರೀಲನ್ನ ಪೂರ್ತಿ ಬಿಗಿ ಮಾಡಬೇಡಿ, ದೊಡ್ಡ ಪೈಕ್ ಕಚ್ಚಿದರೆ ಕೋಲು, ಸ್ಟ್ಯಾಂಡು ಎಲ್ಲ ತೂತಿನೊಳಗೆ ಹೋಗುತ್ತೆ. ಇನ್ನು ಮಂಜು. ದಾರ ಹಾಯುವ ಬಳೆಗಳ ಮೇಲೆ ಅದು ಕಟ್ಟಿಕೊಳ್ತಾ ಇರುತ್ತೆ, ಹತ್ತು ನಿಮಿಷಕ್ಕೊಮ್ಮೆ ಎದ್ದು ಬಿಡಿಸಲೇಬೇಕು. ಹಾಗಾಗಿ ತಾನೇ ಜಗ್ಗುವ ಗಾಳ ಅಂತ ನಿದ್ದೆ ಹೊಡೆಯೋ ಹಾಗಿಲ್ಲ!

ಮಾರ್ಚ್ ಶುರುವಿನಲ್ಲಿ ಬೇರೆ ಒಂದು ಸಣ್ಣ ಕೆರೆಯಲ್ಲಿ ಅದು ಸರಿಯಾಗಿ ಹಾರಿತು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸ್ತಿದ್ದೆ, ಟಪ್ ಅಂತ ಸದ್ದು. ಹೋಗಿ ಕೋಲು ಹಿಡಿದಾಗ ಮೀನು ಆಗಲೇ ಸಿಕ್ಕಿತ್ತು. ಅಂಗೈ ಅಗಲದ ಕ್ರಾಪಿ, ಗಾಳ ತುಟಿಯ ಅಂಚಿನಲ್ಲೇ ಇತ್ತು. ಎರಡು ಬೆರಳಿನಿಂದ ಬಿಡಿಸಿ ತೂತಿಗೆ ಬಿಟ್ಟೆ. ಬಾಲ ಬಡಿದು ನೇರ ಕೆಳಗೆ ಹೋಯ್ತು. ಅಡ್ಡಡ್ಡ ತೇಲಲಿಲ್ಲ. ಅಜ್ಜನಿಗೆ ಹೇಳಿದರೆ, "ಕಚ್ಚಿದ್ದು ಕೈಗೆ ಗೊತ್ತಾಗಲಿಲ್ಲ ಅಲ್ವಾ? ಅದಕ್ಕೇ ನನ್ನದು ಗೋಡೆ ಮೇಲಿರೋದು" ಅಂದರು. ಕೋಟಿನೊಳಗೆ ಬಚ್ಚಿಟ್ಟ ಕತೆ ಹೇಳಿದ್ದೂ ಇವರೇ! ನಿಜ ಹೇಳಬೇಕೆಂದರೆ ಕಚ್ಚಿದ್ದು ಗೊತ್ತಾಗಲಿಲ್ಲ, ಆ ಮಜಾ ಸಿಗಲಿಲ್ಲ. ಆದರೂ ಎರಡನೇ ಗಾಳಕ್ಕೆ ನಾನು ಇನ್ನು ಬಾವುಟ ಇಡಲ್ಲ.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, ಕಾಕಮಾರಿ ಹೆಸರು ಅಮೆರಿಕದ ಕಾನೂನಿನಲ್ಲಿದೆ ಅಂತ. "ಅಲ್ಲೂ ಹಾಕ್ತಿದ್ರಂತಾ?" ಅಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಆ ಗುಂಡೀಲಿ ಆಮೇಲೆ ಎಷ್ಟೋ ವರ್ಷ ಮೀನೇ ಬರ್ಲಿಲ್ಲ ಮಾರಾಯ" ಅಂದಳು. ನಿಮ್ಮ ಕಡೆ ಈ ಬಳ್ಳಿಗೆ ಏನಂತಾರೆ? ಕರಾವಳಿಯವರು, ಕೊಡಗಿನವರು ಇದ್ದರೆ ಕೆಳಗೆ ಬರೆದು ತಿಳಿಸಿ. ಬೇರೆ ಹೆಸರಿರಬೇಕು.