ಹಡಗು ಮತ್ತು ಊರು: ವಿದೇಶ ಅಧ್ಯಯನ ಕಾರ್ಯಕ್ರಮಗಳಲ್ಲಿ ಅಧ್ಯಾಪಕರ ನೇತೃತ್ವ

1923ರ ಜುಲೈ ತಿಂಗಳಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು ಫ್ರಾನ್ಸಿಗೆ ಹಡಗು ಹತ್ತಿದರು. ಅವರನ್ನು ಕರೆದೊಯ್ದವರು ಆಧುನಿಕ ಭಾಷೆಗಳ ಪ್ರಾಧ್ಯಾಪಕ ರೇಮಂಡ್ ಕರ್ಕ್‌ಬ್ರೈಡ್. ಮೂರು ವರ್ಷಗಳ ತರುವಾಯ, 1926ರ ಸೆಪ್ಟೆಂಬರಿನಲ್ಲಿ, ಸುಮಾರು ಐನೂರು ವಿದ್ಯಾರ್ಥಿಗಳನ್ನು ಹೊತ್ತ ‘ರೈಂಡಮ್’ ಎಂಬ ಹಡಗು ನ್ಯೂಯಾರ್ಕಿನ ಎದುರು ದಡದ ಹೊಬೋಕನ್‌ನಿಂದ ಭೂಪ್ರದಕ್ಷಿಣೆಗೆ ಹೊರಟಿತು. ಆ ‘ತೇಲುವ ವಿಶ್ವವಿದ್ಯಾಲಯ’ದ ಕಲ್ಪನೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಜೇಮ್ಸ್ ಲಾಫ್ ಅವರದು. ಮೊದಲ ತಂಡ ಒಂದೇ ದೇಶದಲ್ಲಿ ವರ್ಷವಿಡೀ ನಿಂತಿತು. ಎರಡನೆಯದು ಏಳೂವರೆ ತಿಂಗಳಲ್ಲಿ ಜಗತ್ತನ್ನೇ ಸುತ್ತಿ ಬಂತು. ಎರಡೂ ಅಧ್ಯಾಪಕರ ಕನಸಿನಿಂದಲೇ ಹುಟ್ಟಿದವು, ಎರಡರಲ್ಲೂ ಪಾಠ ಹೇಳುವವರಿದ್ದರು. ಆದರೂ ಮೊದಲನೆಯದು ಅಮೆರಿಕದ ಕಾಲೇಜುಗಳಿಗೆ ಮಾದರಿಯಾಯಿತು, ಎರಡನೆಯದರಿಂದ ಅದನ್ನು ಪ್ರಾಯೋಜಿಸಿದ್ದ ವಿಶ್ವವಿದ್ಯಾಲಯವೇ ಕೈ ತೊಳೆದುಕೊಂಡಿತು. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತ ಹೋದರೆ, ವಿದೇಶ ಅಧ್ಯಯನದಲ್ಲಿ ಅಧ್ಯಾಪಕರ ನೇತೃತ್ವವೆಂದರೆ ಏನು ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಇದು ಬರಿಯ ಚರಿತ್ರೆಯ ಕುತೂಹಲವಲ್ಲ. 2018–19ರ ಶೈಕ್ಷಣಿಕ ವರ್ಷದಲ್ಲಿ ಸುಮಾರು 3 ಲಕ್ಷ 47 ಸಾವಿರ ಅಮೆರಿಕನ್ ವಿದ್ಯಾರ್ಥಿಗಳು ಕ್ರೆಡಿಟ್‌ಗಾಗಿ ಹೊರದೇಶಗಳಲ್ಲಿ ಓದಿದರು. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿ ಹೋದದ್ದು ಬೇಸಿಗೆ ರಜೆಯಲ್ಲಿ ನಡೆಯುವ, ಇಲ್ಲವೇ ಎಂಟು ವಾರಗಳೊಳಗೆ ಮುಗಿಯುವ ಕಾರ್ಯಕ್ರಮಗಳಿಗೆ. ಇಂಥ ಕಿರು ಅವಧಿಯ ಕಾರ್ಯಕ್ರಮಗಳನ್ನು ಬಹುಪಾಲು ತವರು ಸಂಸ್ಥೆಯ ಅಧ್ಯಾಪಕರೇ ರೂಪಿಸಿ, ತಾವೇ ವಿದ್ಯಾರ್ಥಿಗಳೊಂದಿಗೆ ಹೋಗಿ ನಡೆಸುತ್ತಾರೆ. ಇವರಿಗೆಂದು ಬರುವ ಕೈಪಿಡಿಗಳಲ್ಲಿ ವೀಸಾ, ವಿಮೆ, ಬಜೆಟ್, ದಿನಚರಿಗಳ ವಿವರ ಧಾರಾಳವಾಗಿರುತ್ತದೆ. ಅವೆಲ್ಲ ಬೇಕಾದವೇ, ಆದರೆ ಅವು ಪ್ರವಾಸದ ಮುಂದಾಳನ್ನು ತಯಾರಿಸುತ್ತವೆ, ಅಧ್ಯಾಪಕನನ್ನಲ್ಲ. ಈ ಲೇಖನದ ವಾದ ಇಷ್ಟು: ವಿದೇಶ ಅಧ್ಯಯನದ ನೇತೃತ್ವವು ವಿಮಾನ ಹತ್ತುವ ಮೊದಲೇ ಅಧ್ಯಾಪಕರು ತೆಗೆದುಕೊಳ್ಳುವ ಮೂರು ನಿರ್ಧಾರಗಳಲ್ಲಿದೆ. ಯಾವ ಪ್ರಶ್ನೆಗೆ ಈ ಊರೇ ಬೇಕು? ಅಲ್ಲಿ ಪಾಠ ಹೇಳುವ ಅಧಿಕಾರವನ್ನು ಊರಿನ ಯಾರೊಂದಿಗೆ ಹಂಚಿಕೊಳ್ಳಬೇಕು? ಕಂಡದ್ದನ್ನು ಕುರಿತು ಯೋಚಿಸುವುದನ್ನು ಪಠ್ಯಕ್ರಮದ ಭಾಗವಾಗಿ ಹೇಗೆ ಕಟ್ಟಬೇಕು?

ಡೆಲವೇರ್ ಯೋಜನೆಯಲ್ಲಿ ಈ ಮೂರೂ ಇದ್ದವು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಕರ್ಕ್‌ಬ್ರೈಡ್ ಅವರಿಗೆ, ದೇಶದೇಶಗಳ ನಡುವಿನ ತಿಳಿವಳಿಕೆ ತರಗತಿಯ ವ್ಯಾಕರಣದಿಂದಷ್ಟೇ ಬಾರದು ಎಂಬ ನಂಬಿಕೆ ಇತ್ತು. ವಿಶ್ವವಿದ್ಯಾಲಯದ ಅಧ್ಯಕ್ಷ ವಾಲ್ಟರ್ ಹುಲಿಹೆನ್ ಅವರು ಈ ಯೋಜನೆಗೆ ಖಾಸಗಿ ದಾನಿಗಳಿಂದ ಹಣ ಕೂಡಿಸಿದರು; ಉದ್ಯಮಿ ಪಿಯರ್ ಡ್ಯುಪಾಂಟ್ ನೆರವಾದರು, ಆಗ ವಾಣಿಜ್ಯ ಸಚಿವರಾಗಿದ್ದ ಹರ್ಬರ್ಟ್ ಹೂವರ್ ಬೆಂಬಲ ಸೂಚಿಸಿದರು. ಆದರೆ ಯೋಜನೆಯ ತಿರುಳು ಹಣದಲ್ಲಿರಲಿಲ್ಲ, ಕ್ರಮದಲ್ಲಿತ್ತು. ವಿದ್ಯಾರ್ಥಿಗಳನ್ನು ನೇರ ಪ್ಯಾರಿಸ್ಸಿಗೆ ಒಯ್ಯದೆ ಮೊದಲು ನಾನ್ಸಿ ಎಂಬ ಊರಿನಲ್ಲಿ ಕೆಲವು ವಾರ ಫ್ರೆಂಚ್ ಭಾಷೆ ತಿದ್ದಿಸಲಾಯಿತು. ಅವರ ವಾಸ ಫ್ರೆಂಚ್ ಕುಟುಂಬಗಳ ಮನೆಗಳಲ್ಲಿ, ಓದು ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಕೈಯಲ್ಲಿ. ಆ ವರ್ಷದ ಓದು ತವರಿನ ಪದವಿಗೆ ಪೂರ್ತಿಯಾಗಿ ಸಲ್ಲುತ್ತಿತ್ತು. ಎಂದರೆ ಕರ್ಕ್‌ಬ್ರೈಡ್ ತಮ್ಮ ಅಧಿಕಾರದ ದೊಡ್ಡ ಪಾಲನ್ನು ಬೇರೊಂದು ಊರಿನ ಗುರುಗಳಿಗೆ, ಬೇರೊಂದು ಊರಿನ ಮನೆಗಳಿಗೆ ಬಿಟ್ಟುಕೊಟ್ಟರು. ತಾವು ಉಳಿಸಿಕೊಂಡದ್ದು ಇವೆರಡನ್ನೂ ಹೊಂದಿಸುವ ಕೆಲಸವನ್ನು. ಡೆಲವೇರಿನಲ್ಲಿ ಈ ಯೋಜನೆ 1948ಕ್ಕೆ ನಿಂತರೂ, 1925ರಲ್ಲೇ ಸ್ಮಿತ್ ಕಾಲೇಜು ಇದೇ ದಾರಿ ಹಿಡಿದು ಪ್ಯಾರಿಸ್ಸಿಗೆ ವಿದ್ಯಾರ್ಥಿನಿಯರನ್ನು ಕಳಿಸಿತ್ತು. ಪದವಿಯ ಮೂರನೆಯ ವರ್ಷವನ್ನು ಹೊರದೇಶದಲ್ಲಿ ಕಳೆಯುವ ಪದ್ಧತಿ ಅಲ್ಲಿಂದ ಬೇರೂರಿತು.

ರೈಂಡಮ್‌ನ ಕಥೆ ಇದಕ್ಕೆ ತದ್ವಿರುದ್ಧ. ಅನುಭವದಿಂದಲೇ ಅರಿವು ಎಂಬ ಲಾಫ್ ಅವರ ಸಿದ್ಧಾಂತ ಅಂದಿನ ಪ್ರಗತಿಪರ ಶಿಕ್ಷಣಚಿಂತನೆಗೆ ಹತ್ತಿರದ್ದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಹಡಗೇ ಒಂದು ಅಮೆರಿಕನ್ ಕ್ಯಾಂಪಸ್ ಆಗಿತ್ತು. ತರಗತಿ, ಊಟ, ಸ್ನೇಹ, ಜಗಳ ಎಲ್ಲವೂ ಅದರೊಳಗೇ ನಡೆದವು. ಬಂದರು ಬಂದಾಗ ಇಳಿದು ನೋಡಿ ಮತ್ತೆ ಹತ್ತುವುದು. ವಿದ್ಯಾರ್ಥಿಗಳ ಕುಡಿತದ ಸುದ್ದಿಗಳು ಪತ್ರಿಕೆಗಳಲ್ಲಿ ರಂಗಾದವು. ಈ ಯಾನದ ಚರಿತ್ರೆ ಬರೆದಿರುವ ಟ್ಯಾಮ್ಸನ್ ಪೀಚ್ ಅವರು, ಜಗತ್ತನ್ನು ಕುರಿತ ಜ್ಞಾನಕ್ಕೆ ಅಧಿಕಾರ ಯಾವುದು, ಸ್ವಾನುಭವವೋ ವಿಶ್ವವಿದ್ಯಾಲಯ ಒಪ್ಪಿದ ಪರಿಣತಿಯೋ ಎಂಬ ವ್ಯಾಜ್ಯವನ್ನು ಇದರಲ್ಲಿ ಕಾಣುತ್ತಾರೆ. ಈ ಒಳನೋಟಕ್ಕೆ ಒಂದು ಮಾತು ಸೇರಿಸಬಹುದು. ಸ್ವಾನುಭವ, ಪರಿಣತಿ ಎರಡರಾಚೆ ಮೂರನೆಯ ಅಧಿಕಾರವೊಂದಿದೆ. ಅದು ಆ ಊರಿನವರದು. ಹಡಗಿನಲ್ಲಿ ಇಲ್ಲದಿದ್ದದ್ದು ಅದೇ. ಬಂದರುಗಳ ಜನ ಅಲ್ಲಿ ನೋಟದ ವಸ್ತುಗಳಾಗಿದ್ದರು, ಗುರುಗಳಾಗಿರಲಿಲ್ಲ.

ಆಮೇಲಿನ ಅಳತೆ-ಅಧ್ಯಯನಗಳು ಹಡಗಿನ ಪಾಠವನ್ನು ಬೇರೆ ದಾರಿಯಿಂದ ತಲುಪಿವೆ. ಮೈಕಲ್ ವಾಂಡೆ ಬರ್ಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಜಾರ್ಜ್‌ಟೌನ್ ಒಕ್ಕೂಟದ ಅಧ್ಯಯನವು 60ಕ್ಕೂ ಹೆಚ್ಚು ಕಾರ್ಯಕ್ರಮಗಳ ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಪರೀಕ್ಷಿಸಿತು. ಅನ್ಯಸಂಸ್ಕೃತಿಯನ್ನು ಅರಿಯುವ ಶಕ್ತಿಯನ್ನು ಅಳೆಯುವ ಮಾಪಕದಲ್ಲಿ, ಹೊರದೇಶಕ್ಕೆ ಹೋದವರ ಸರಾಸರಿ ಏರಿಕೆ ಒಂದೂಕಾಲು ಅಂಕದ ಆಸುಪಾಸಿನಲ್ಲೇ ನಿಂತಿತು. ಹೋಗಿ ಬಂದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲವೆಂದಾಯಿತು. ಗಮನಾರ್ಹವಾಗಿ ಮುಂದೆ ಹೋದವರು, ಕಂಡದ್ದನ್ನು ಬಿಡಿಸಿ ನೋಡಲು ಜೊತೆಯಲ್ಲೊಬ್ಬ ಮಾರ್ಗದರ್ಶಿ ಇದ್ದವರು. ಅಷ್ಟೇ ಮುಖ್ಯವಾದ ಇನ್ನೊಂದು ಫಲಿತಾಂಶ ವಾಸದ ಬಗೆಗಿನದು. ಆತಿಥೇಯ ಕುಟುಂಬದ ಮನೆಯಲ್ಲಿ ಕೋಣೆ ಸಿಕ್ಕರೆ ಸಾಲದು. ಬಿಡುವಿನ ವೇಳೆಯನ್ನು ಆ ಮನೆಯವರೊಂದಿಗೆ ಕಳೆದವರಿಗೆ ಮಾತ್ರ ಅದರ ಲಾಭ ದಕ್ಕಿತು. ಲಿಲಿ ಎಂಗಲ್ ಮತ್ತು ಜಾನ್ ಎಂಗಲ್ 2003ರಲ್ಲಿ ಕಾರ್ಯಕ್ರಮಗಳನ್ನು ಐದು ಮಟ್ಟಗಳಾಗಿ ವಿಂಗಡಿಸಲು ಏಳು ಲಕ್ಷಣಗಳನ್ನು ಮುಂದಿಟ್ಟರು. ಅವಧಿ ಅವುಗಳಲ್ಲಿ ಒಂದು ಮಾತ್ರ. ಉಳಿದವು ಪ್ರವೇಶಕ್ಕೆ ಬೇಕಾದ ಭಾಷಾಜ್ಞಾನ, ಬೋಧನೆಯ ಭಾಷೆ, ಓದಿನ ಪರಿಸರ, ವಸತಿಯ ಬಗೆ, ಸ್ಥಳೀಯರೊಂದಿಗಿನ ಒಡನಾಟದ ಏರ್ಪಾಡು, ಅನುಭವವನ್ನು ಕುರಿತ ಮಾರ್ಗದರ್ಶಿತ ಚಿಂತನೆ. ಈ ಪಟ್ಟಿಯಲ್ಲಿ ಬಹುಪಾಲು ಅಧ್ಯಾಪಕರು ಮೊದಲೇ ನಿರ್ಧರಿಸಬಹುದಾದ ಸಂಗತಿಗಳು. ಹೋದ ಮೇಲೆ ತಾನಾಗಿ ಒದಗುವವು ಅಲ್ಲ.

ಇಲ್ಲೊಂದು ಸಂಶಯ ನ್ಯಾಯವಾದದ್ದು. ಹೊರದೇಶಕ್ಕೆ ಹೋಗುವವರು ಮೊದಲೇ ಕುತೂಹಲಿಗಳು, ಅನುಕೂಲಸ್ಥರು. ಅವರಲ್ಲಿ ಕಂಡ ಬೆಳವಣಿಗೆಯನ್ನು ಕಾರ್ಯಕ್ರಮದ ಲೆಕ್ಕಕ್ಕೆ ಹೇಗೆ ಹಾಕುವುದು? ಪ್ರಶ್ನಾವಳಿಯೊಂದು ಸಂಸ್ಕೃತಿಯ ಅರಿವನ್ನು ಅಳೆದೀತೆ? ಹೋದವರನ್ನೂ ಹೋಗದವರನ್ನೂ ಹೋಲಿಸಿ ಹಿಗ್ಗುವ ವಾದಕ್ಕೆ ಈ ಆಕ್ಷೇಪ ಪೆಟ್ಟು ಕೊಡುತ್ತದೆ. ಆದರೆ ಇಲ್ಲಿನ ವಾದ ನಿಂತಿರುವುದು ಹೋದವರೊಳಗಿನ ವ್ಯತ್ಯಾಸದ ಮೇಲೆ. ಎಲ್ಲರೂ ಕುತೂಹಲಿಗಳೇ ಆಗಿದ್ದಾಗ, ಕೆಲವು ಬಗೆಯ ಕಾರ್ಯಕ್ರಮಗಳಲ್ಲಿ ಕಲಿಕೆ ಹೆಚ್ಚು, ಕೆಲವುಗಳಲ್ಲಿ ಕಡಿಮೆ ಏಕೆ ಎಂಬುದು ರಚನೆಯ ಪ್ರಶ್ನೆ. ಮಾರ್ಗದರ್ಶನಕ್ಕೂ ಕಲಿಕೆಗೂ ಇರುವ ನಂಟು ಕಾರ್ಯಕಾರಣವೆಂದು ಪೂರ್ತಿ ಸಾಬೀತಾಗಿಲ್ಲವೆಂದು ಒಪ್ಪಿದರೂ, ವಿದ್ಯಾರ್ಥಿಗಳನ್ನು ಅವರಷ್ಟಕ್ಕೆ ಬಿಟ್ಟರೆ ಸಾಕು ಎಂಬ ಹಳೆಯ ನಂಬಿಕೆಗೆ ಆಧಾರ ಸಿಗುವುದಿಲ್ಲ.

ಊರಿನವರ ಅಧಿಕಾರವನ್ನು ಒಪ್ಪಿ ಕಟ್ಟಿದ ಕಾರ್ಯಕ್ರಮ ಹೇಗಿರಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಹಬ್ಬಿದ ನೀಲಗಿರಿ ಜೀವಗೋಳವು 1986ರಲ್ಲಿ ದೇಶದ ಮೊದಲ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಕನ್ನಡಕ್ಕೆ ಹತ್ತಿರದ ಬಡಗ ನುಡಿಯಾಡುವವರು, ತೊದವರು, ಕೋತರು, ಕುರುಂಬರು, ಇರುಳರು ಬಾಳುವ ನೆಲ ಅದು. ಕೋತಗಿರಿಯಲ್ಲಿ 1993ರಿಂದ ಕೆಲಸ ಮಾಡುತ್ತಿರುವ ಕೀಸ್ಟೋನ್ ಫೌಂಡೇಶನ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ 2015ರಲ್ಲಿ ಅಲ್ಲೊಂದು ಕ್ಷೇತ್ರ-ಕಲಿಕಾ ಕೇಂದ್ರವನ್ನು ಆರಂಭಿಸಿದವು. ಕಾರ್ನೆಲ್‌ನ ಕಡೆಯಿಂದ ಇದನ್ನು ಕಟ್ಟಿದವರಲ್ಲಿ ನಗರ ಯೋಜನಾ ವಿಭಾಗದ ನೀಮಾ ಕುಡ್ವ, ಮಾನವಶಾಸ್ತ್ರಜ್ಞ ಆ್ಯಂಡ್ರ್ಯೂ ವಿಲ್‌ಫೋರ್ಡ್ ಇದ್ದಾರೆ. ಇಲ್ಲಿ ಅಮೆರಿಕದಿಂದ ಬಂದ ವಿದ್ಯಾರ್ಥಿಗಳ ಪಕ್ಕದಲ್ಲಿ ನೀಲಗಿರಿಯ ಮೂಲನಿವಾಸಿ ಸಮುದಾಯಗಳ ಯುವಕ ಯುವತಿಯರೂ ಕಲಿಯುವವರಾಗಿಯೇ ಕೂರುತ್ತಾರೆ. ಒಬ್ಬರು ತಮಿಳು ಕಲಿಯುತ್ತಿದ್ದರೆ ಇನ್ನೊಬ್ಬರು ಇಂಗ್ಲಿಷ್ ಸುಧಾರಿಸಿಕೊಳ್ಳುತ್ತಾರೆ. ಜೊತೆಯಾಗಿ ಕ್ಷೇತ್ರಕಾರ್ಯ ಮಾಡುತ್ತಾರೆ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹ ಕುರಿತ ತಮ್ಮ ಗ್ರಂಥದಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಎರಡು ಗುಂಪುಗಳು ಸಂಧಿಸಿದ ಮಾತ್ರಕ್ಕೆ ಪೂರ್ವಗ್ರಹ ಕರಗದು; ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಸಂಸ್ಥೆಯ ಬೆಂಬಲ ಇವು ಕೂಡಿದಾಗ ಅದು ಸಾಧ್ಯ. ಸಾಮಾನ್ಯ ಕಾರ್ಯಕ್ರಮದಲ್ಲಿ ಬಂದವರು ನೋಡುವವರು, ಊರಿನವರು ನೋಡಿಸಿಕೊಳ್ಳುವವರು. ಕೋತಗಿರಿಯ ಮಾದರಿ ಸಮಾನ ಸ್ಥಾನವನ್ನು ಉಪದೇಶದಲ್ಲಿ ಇಡದೆ ತರಗತಿಯ ಹಾಜರಿ ಪುಸ್ತಕದಲ್ಲೇ ಇಟ್ಟಿದೆ. ಹಣ, ಪಾಸ್‌ಪೋರ್ಟು, ಪದವಿಯ ಬೆಲೆಗಳಲ್ಲಿರುವ ಅಸಮಾನತೆ ಇದರಿಂದ ಅಳಿಯುವುದಿಲ್ಲ. ಅದು ಕಣ್ಣಿಗೆ ಬೀಳುತ್ತದೆ, ಚರ್ಚೆಯ ವಸ್ತುವಾಗುತ್ತದೆ.

ಇದರಿಂದ ಕಾರ್ಯಕ್ರಮ ಕಟ್ಟುವ ಕ್ರಮವೂ ತಿಳಿಯುತ್ತದೆ. ಮೊದಲು ಪ್ರಶ್ನೆ, ಆಮೇಲೆ ಊರು, ಕೊನೆಗೆ ದಿನಚರಿ. ಕಾಡಿನ ಹಕ್ಕು ಕುರಿತ ಕೋರ್ಸಿಗೆ ನೀಲಗಿರಿ ಬೇಕು. ಆದರೆ ನೀಲಗಿರಿಗೆ ಹೋಗಬೇಕೆಂಬ ಆಸೆಗೆ ಕೋರ್ಸೊಂದನ್ನು ಹೊಲಿದರೆ ಹೊಲಿಗೆ ಕಾಣುತ್ತದೆ. ಪ್ರಶ್ನೆ ಗಟ್ಟಿಯಾದ ಮೇಲೆ ಅಧ್ಯಾಪಕರು ವಿದ್ಯಾರ್ಥಿಗಳಿಲ್ಲದೆ ಒಮ್ಮೆ ಹೋಗಿ ಬರಬೇಕು. ಹೋಟೆಲು ಗೊತ್ತು ಮಾಡುವುದಕ್ಕಿಂತ, ಯಾರು ಏನನ್ನು ಕಲಿಸಬಲ್ಲರು, ಪ್ರತಿಯಾಗಿ ಅವರಿಗೇನು ಬೇಕು ಎಂದು ಕೇಳುವುದು ಆ ಭೇಟಿಯ ಉದ್ದೇಶ. ಸ್ಥಳೀಯ ಗುರುಗಳ ಗೌರವಧನ, ದುಭಾಷಿಗಳ ವೇತನ ಬಜೆಟ್ಟಿನ ಮೊದಲ ಸಾಲುಗಳಲ್ಲಿರಬೇಕು. ಸುರಕ್ಷತೆಯೂ ಸ್ಥಳಜ್ಞಾನದ ಭಾಗವೇ. ಕನೆಕ್ಟಿಕಟ್‌ನ ಖಾಸಗಿ ಶಾಲೆಯೊಂದರ ವಿದ್ಯಾರ್ಥಿನಿ 2007ರಲ್ಲಿ ಚೀನಾ ಪ್ರವಾಸದಲ್ಲಿದ್ದಾಗ ಉಣ್ಣಿಯಿಂದ ಹರಡುವ ಮೆದುಳಿನ ಉರಿಯೂತಕ್ಕೆ ತುತ್ತಾಗಿ ಮಾತನ್ನೇ ಕಳೆದುಕೊಂಡಳು. ಜ್ಯೂರಿ 4 ಕೋಟಿ ಡಾಲರಿಗೂ ಮಿಕ್ಕ ಪರಿಹಾರ ವಿಧಿಸಿತು. ಇಂಥ ಅಪಾಯದ ಮುನ್ನೆಚ್ಚರಿಕೆ ನೀಡುವುದು ಶಾಲೆಯ ಕರ್ತವ್ಯವೆಂದು ರಾಜ್ಯದ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಯಾವ ಗುಡ್ಡದಲ್ಲಿ ಯಾವ ಹುಳು ಕಚ್ಚುತ್ತದೆಂಬುದು ಆ ಗುಡ್ಡದವರಿಗೆ ಗೊತ್ತಿರುತ್ತದೆ. ಅವರನ್ನು ಕೇಳುವ ಅಭ್ಯಾಸವಿರುವ ಅಧ್ಯಾಪಕರಿಗೆ ವಿದ್ಯೆಯೂ ಎಚ್ಚರವೂ ಒಂದೇ ಬಾಗಿಲಿನಿಂದ ಬರುತ್ತವೆ.

ಎರಡನೆಯ ಆಕ್ಷೇಪ ಅವಧಿಯದು. ಮೂರು ವಾರದಲ್ಲಿ ಏನು ಕಲಿತಾರು, ಅದು ಪ್ರವಾಸವಲ್ಲದೆ ಮತ್ತೇನು? ಮೇರಿ ಡ್ವಾಯರ್ 2004ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳ ಉತ್ತರಗಳನ್ನು ಆಧರಿಸಿ, ಹೆಚ್ಚು ದಿನ ಇದ್ದಷ್ಟೂ ಪರಿಣಾಮ ಹೆಚ್ಚೆಂದು ತೋರಿಸಿದ್ದರು. ಮೈಕಲ್ ಪೇಜ್ ಮತ್ತು ಸಂಗಡಿಗರು 2009ರಲ್ಲಿ ಆರು ಸಾವಿರಕ್ಕೂ ಮಿಕ್ಕವರನ್ನು ವಿಚಾರಿಸಿ, ಮುಂದಿನ ಬದುಕಿನ ಸಾಮಾಜಿಕ ತೊಡಗುವಿಕೆಯ ಮಟ್ಟಿಗೆ ಅವಧಿಯ ಪಾತ್ರ ಹಿರಿದಲ್ಲವೆಂದರು. ಇವೆರಡು ಪರಸ್ಪರ ವಿರುದ್ಧವೆಂದು ತಿಳಿಯಬೇಕಿಲ್ಲ. ಭಾಷೆ ಕಾಲವನ್ನು ಬೇಡುತ್ತದೆ. ಅದಕ್ಕೆ ಒಳದಾರಿ ಇಲ್ಲ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ನಡೆಸುವ ಕನ್ನಡ ತರಗತಿಗಳನ್ನು ಮೂರು ವಾರಕ್ಕೆ ಇಳಿಸಿದರೆ ಕನ್ನಡ ಬಾರದು. ಆದರೆ ಒಂದು ಸೀಮಿತ ಪ್ರಶ್ನೆಯ ಸುತ್ತ ಕಟ್ಟಿದ ಕೋರ್ಸಿನ ಮಾತು ಬೇರೆ. ಅಯೋವಾ ವಿಶ್ವವಿದ್ಯಾಲಯದ ಅಧ್ಯಾಪಕರು ಚಳಿಗಾಲದ ರಜೆಯಲ್ಲಿ ಭಾರತಕ್ಕೆ ತರುವ ತಂಡಗಳು ಒಂದೊಂದು ವಿಷಯ ಹಿಡಿದು, ಒಂದೊಂದು ಸ್ಥಳೀಯ ಸಂಸ್ಥೆಯ ಬಳಿ ನಿಂತು ಕಲಿಯುವ ಕ್ರಮದಲ್ಲಿ ಈ ವಿವೇಕವಿದೆ. ಅವಧಿ ಕಿರಿದಾದಷ್ಟೂ ಊರುಗಳು ಕಡಿಮೆಯಾಗಬೇಕು. ಬಹುಪಾಲು ಕಿರು ಕಾರ್ಯಕ್ರಮಗಳು ಸೋಲುವುದು ದಿನ ಕಡಿಮೆಯಾಗಿ ಅಲ್ಲ, ಊರು ಹೆಚ್ಚಾಗಿ.

ಮೂರನೆಯ ಆಕ್ಷೇಪ ಇನ್ನೂ ಗಹನವಾದದ್ದು. ಅಧ್ಯಾಪಕರು ಹೆಜ್ಜೆಹೆಜ್ಜೆಗೂ ಜೊತೆಗಿದ್ದರೆ ವಿದ್ಯಾರ್ಥಿ ದಾರಿ ತಪ್ಪುವ, ತಪ್ಪಿ ಕಲಿಯುವ ಅವಕಾಶವನ್ನೇ ಕಳೆದುಕೊಳ್ಳುವುದಿಲ್ಲವೆ? ತವರಿನ ಗುರುವೇ ಮತ್ತೊಂದು ಹಡಗಾಗಿಬಿಡುವುದಿಲ್ಲವೆ? ಅಪಾಯ ನಿಜ. ಅದಕ್ಕೆ ಉತ್ತರ ಗುರುವಿನ ಗೈರುಹಾಜರಿಯಲ್ಲ, ಗುರುವಿನ ಕಾಲಜ್ಞಾನ. ಹಗಲು ವಿದ್ಯಾರ್ಥಿಯನ್ನು ಊರಿನ ಕೈಗೆ ಬಿಟ್ಟು, ಸಂಜೆ ಅವನು ತಂದ ಗೊಂದಲವನ್ನು ಕೂತು ಕೇಳುವುದು, ಬರೆಸುವುದು, ಅವಸರದ ತೀರ್ಮಾನವನ್ನು ತಡೆದು ಮರುದಿನ ಅದೇ ಪ್ರಶ್ನೆಯೊಂದಿಗೆ ವಾಪಸು ಕಳಿಸುವುದು. ‘ಇಲ್ಲಿನವರು ಹೀಗೆ’ ಎಂಬ ವಾಕ್ಯ ದಿನಚರಿಯ ಪುಟದಲ್ಲಿ ಮೂಡಿದಾಗ, ‘ಯಾರು? ಎಷ್ಟು ಜನ? ಯಾರು ಹೇಳಿದರು?’ ಎಂದು ಕೇಳುವವರು ಬೇಕು. ಮಾರ್ಗದರ್ಶನದಿಂದ ಆಗುವ ಲಾಭಕ್ಕೆ ಇಂಥ ವಿಚಾರಣೆಯೇ ಕಾರಣವಿರಬೇಕು.

ಉಳಿಯುವುದು ಸಂಸ್ಥೆಗಳ ಹೊಣೆ. ಕಾರ್ಯಕ್ರಮವೊಂದನ್ನು ಮೇಲೆ ಹೇಳಿದಂತೆ ಕಟ್ಟಲು ತಿಂಗಳುಗಳಲ್ಲ, ವರ್ಷಗಳು ಬೇಕು. ಬಡ್ತಿಯ ಲೆಕ್ಕದಲ್ಲಿ ಪ್ರಕಟಣೆಗಳಿಗಿರುವ ತೂಕ ಆ ದುಡಿಮೆಗಿಲ್ಲದಿದ್ದರೆ ಅಧ್ಯಾಪಕರು ಪ್ರವಾಸ ಕಂಪನಿಯ ಸಿದ್ಧ ಪೊಟ್ಟಣ ಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. 2020–21ರ ಸೋಂಕಿನ ವರ್ಷದಲ್ಲಿ ಅಮೆರಿಕದಿಂದ ಹೊರಗೆ ಓದಿದವರ ಸಂಖ್ಯೆ 15 ಸಾವಿರಕ್ಕಿಂತ ಕೆಳಗಿಳಿಯಿತು. ಭೇಟಿಗಳ ಮೇಲಷ್ಟೇ ನಿಂತ ನಂಟಿಗೆ ವಿಮಾನ ನಿಂತರೆ ಆಧಾರವಿಲ್ಲ. ಭಾರತದ ವಿಶ್ವವಿದ್ಯಾಲಯಗಳಿಗೂ ಈ ಚರ್ಚೆ ಈಗ ಹೊರಗಿನದಲ್ಲ. ಯುಜಿಸಿ 2022ರಲ್ಲಿ ಅವಳಿ, ಜಂಟಿ ಮತ್ತು ದ್ವಿಪದವಿ ಕಾರ್ಯಕ್ರಮಗಳಿಗೆ ನಿಯಮಾವಳಿ ಹೊರಡಿಸಿ, ವಿದೇಶಿ ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ ಇಲ್ಲಿಯ ಪದವಿಗೆ ಸಲ್ಲುವ ದಾರಿ ತೆರೆದಿದೆ. ಮೈಸೂರು, ಕೋತಗಿರಿಗಳು ಇದುವರೆಗೆ ಹೆಚ್ಚಾಗಿ ಆತಿಥ್ಯ ವಹಿಸಿದ ಊರುಗಳು. ಆತಿಥ್ಯ ಕೊಟ್ಟವರಿಗೆ ಗೊತ್ತಿರುವ ಒಂದು ಸಂಗತಿ ವಿದ್ಯಾರ್ಥಿಗಳನ್ನು ಕಳಿಸುವವರಿಗೆ ಸುಲಭವಾಗಿ ಹೊಳೆಯದು: ತಂಡ ಹೊರಟುಹೋದ ಮೇಲೆ ಊರಿನಲ್ಲಿ ಏನು ಉಳಿಯಿತು ಎಂಬ ಲೆಕ್ಕ. ನಮ್ಮ ಅಧ್ಯಾಪಕರು ನಾಳೆ ತಮ್ಮ ವಿದ್ಯಾರ್ಥಿಗಳನ್ನು ಬೇರೆಯವರ ಊರಿಗೆ ಕರೆದೊಯ್ಯುವಾಗ ಆ ಲೆಕ್ಕವನ್ನು ಪಠ್ಯಕ್ರಮದೊಳಗೇ ಬರೆದುಕೊಂಡು ಹೋಗಬಲ್ಲರು. ಆ ಅನುಕೂಲ ಕರ್ಕ್‌ಬ್ರೈಡ್ ಅವರಿಗೂ ಇರಲಿಲ್ಲ.